ಕರಾರಿಗೆ ಸಹಿ ಹಾಕುವ ಮೊದಲು ಸಿಟಿ ಹಾಲ್‌ಗೆ ಹೋಗಿ

ಹೋದ ವಾರ ಬಳ್ಳಾರಿಗೆ, ಅಮ್ಮನ ಮನೆಗೆ ಬಂದೆ. ಸತ್ಯನಾರಾಯಣಪೇಟೆಯ ಮನೆಯಲ್ಲಿ ಸೂಟ್‌ಕೇಸ್ ಬಿಚ್ಚುವಷ್ಟರಲ್ಲೇ ಗಂಗಾವತಿಯಿಂದ ಒಬ್ಬ ಅಕ್ಕನ ಫೋನ್ ಬಂತು. ಅವರ ಮಗ ಟೆಕ್ಸಾಸ್‌ನಲ್ಲಿ ನಮ್ಮ ಪಕ್ಕದ ಊರಲ್ಲೇ ಇದ್ದಾನೆ. "ಅಂಗಡಿ ಹಿಡಿದಾನವ್ವಾ, ತಿಂಗಳಾ ಬಾಡಿಗಿ ಕಟ್ಟಾಕತ್ಯಾನ, ಬಾಗಿಲಾ ತೆಗಿಯಾಕ ಬಿಡವಲ್ರಂತ" ಅಂದರು.

ಕೇಳಿ ಹೊಟ್ಟೆಯಲ್ಲಿ ಸಂಕಟವಾಯಿತು. 2013ರಲ್ಲಿ ನಾನೂ ನನ್ನ ಗಂಡನೂ ಮಾಡಿದ ತಪ್ಪು ಇದೇ, ಸಿಟಿಯವರನ್ನು ಕೇಳದೆ ಅಂಗಡಿ ಹಿಡಿಯುವುದು. ಆಮೇಲೆ ಸಿಂಧನೂರಿನ ಒಂದು ಕುಟುಂಬ ಮಾಡಿತು. ರಾಯಚೂರಿನ ಇಬ್ಬರು ಗೆಳೆಯರು ಸೇರಿ ಮಾಡಿದರು. ಈಗ ಈ ಹುಡುಗ. ಇನ್ನೊಬ್ಬರು ಮಾಡಬಾರದು ಅಂತ ಬರೆಯುತ್ತಿದ್ದೇನೆ. ವೀಸಾ, ಕ್ರೆಡಿಟ್ ಸ್ಕೋರ್, ಕಾರಿನ ಇನ್ಶೂರೆನ್ಸ್ ಬಗ್ಗೆ ಎಲ್ಲರೂ ಹೇಳುತ್ತಾರೆ. ನಾನು ಹೇಳುವುದು ಸಿಟಿ ಕೌನ್ಸಿಲ್ (ಅಂದರೆ ಅಲ್ಲಿನ ನಗರಸಭೆ) ಮತ್ತು ಝೋನಿಂಗ್ (ಊರಿನ ಯಾವ ವಲಯದಲ್ಲಿ ಏನು ನಡೆಸಬಹುದು ಅನ್ನುವ ನಿಯಮ) ಬಗ್ಗೆ ಮಾತ್ರ.

ನಮ್ಮ ತಪ್ಪಿನ ಬೇರು ಊರಲ್ಲೇ ಇದೆ. ಬಳ್ಳಾರಿಯಲ್ಲಿ ಮನೆಯ ಮುಂದಿನ ಕೋಣೆಗೆ ಶಟರ್ ಹಾಕಿಸಿದರೆ ಅಂಗಡಿ ಆಯ್ತು. ಎಷ್ಟೋ ಓಣಿಗಳಲ್ಲಿ ಮನೆಯೊಳಗೇ ಜೀನ್ಸ್ ಹೊಲಿಯುವ ಮಷಿನ್ ಓಡುತ್ತದೆ. ಹಾಗಂತ ನಮ್ಮಲ್ಲಿ ಕಾನೂನು ಇಲ್ಲ ಅಂತಲ್ಲ. 1961ರಿಂದ ನಗರ ಯೋಜನೆಯ ಕಾಯ್ದೆ ಇದೆ, ಮಾಸ್ಟರ್ ಪ್ಲ್ಯಾನ್ ಇದೆ, ವಾಸದ ಜಾಗವನ್ನು ವ್ಯಾಪಾರಕ್ಕೆ ಬದಲಿಸಬೇಕಾದರೆ ಪೇಪರಿನಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಬೇಕು. ಆದರೆ ನಮ್ಮ ರೂಢಿ ಬೇರೆ. ಮೊದಲು ಶುರು ಮಾಡು, ಆಮೇಲೆ ಸರಿ ಮಾಡಿಸು. ಅಕ್ರಮ-ಸಕ್ರಮ ಅನ್ನುವ ಮಾತೇ ನಮ್ಮ ಸರ್ಕಾರಿ ಭಾಷೆಯಲ್ಲಿ ಇದೆಯಲ್ಲ. ಆ ರೂಢಿಯನ್ನು ವಿಮಾನ ಹತ್ತುವ ಮೊದಲು ಇಲ್ಲೇ ಬಿಟ್ಟು ಹೋಗಬೇಕು.

ಅಮೆರಿಕದಲ್ಲಿ ಯಾವ ಜಾಗದಲ್ಲಿ ಏನು ನಡೆಯಬೇಕು ಅನ್ನುವುದನ್ನು ಆಯಾ ಊರೇ ತೀರ್ಮಾನಿಸುತ್ತದೆ. ಹೀಗೆ ತೀರ್ಮಾನಿಸುವ ಅಧಿಕಾರ ಊರಿಗಿದೆ ಅಂತ 1926ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಓಹಾಯೊದ ಯೂಕ್ಲಿಡ್ ಅನ್ನುವ ಪುಟ್ಟ ಊರಿನ ಕೇಸ್ ಅದು. ಒಂದು ಊರಿನ ನಿಯಮ ಪಕ್ಕದ ಊರಲ್ಲಿ ಇರುವುದಿಲ್ಲ. ಹ್ಯೂಸ್ಟನ್‌ನಲ್ಲಿ ಝೋನಿಂಗ್ ಕಾನೂನೇ ಇಲ್ಲ. ಅಲ್ಲಿರುವ ನೆಂಟರನ್ನು ಕೇಳಿ ಡಲ್ಲಾಸ್ ಕಡೆ ಅಂಗಡಿ ಹಿಡಿದವರನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಈಗ ನಮ್ಮ ಕಥೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಸಂಜೆಗೆ ಒಗ್ಗರಣೆ ಮಿರ್ಚಿ. ಇಷ್ಟೇ ಮಾಡುವ ಸಣ್ಣ ಹೋಟೆಲ್ ಹಾಕಬೇಕು ಅನ್ನುವುದು ನಮ್ಮ ಆಸೆ. ಒಂದು ಪ್ಲಾಜಾದಲ್ಲಿ ಫೋನ್ ಅಂಗಡಿ ಖಾಲಿಯಾಗಿತ್ತು. ಏಜೆಂಟ್ "ಇದು ರೀಟೇಲ್ ಜಾಗ, ವ್ಯಾಪಾರಕ್ಕೆ ತೊಂದರೆ ಇಲ್ಲ" ಅಂದ. ಐದು ವರ್ಷದ ಕರಾರಿಗೆ ಸಹಿ ಹಾಕಿದೆವು. ಬಾಡಿಗೆ ತಿಂಗಳಿಗೆ 3,400 ಡಾಲರ್ ಅಂದಿದ್ದರು. ಅದು 'ಟ್ರಿಪಲ್ ನೆಟ್' ಕರಾರು. ಅಂದರೆ ಆಸ್ತಿ ತೆರಿಗೆ, ಇನ್ಶೂರೆನ್ಸ್, ಪ್ಲಾಜಾದ ನಿರ್ವಹಣೆ, ಎಲ್ಲದರ ಪಾಲೂ ನಮ್ಮ ಮೇಲೆ. ಎಲ್ಲ ಸೇರಿ 4,600 ಆಯಿತು.

ಅಡುಗೆಮನೆಯ ಕೆಲಸಕ್ಕೆ ಪರ್ಮಿಟ್ ಕೇಳಲು ಸಿಟಿ ಹಾಲ್‌ಗೆ ಹೋದಾಗ ಕೌಂಟರಿನಲ್ಲಿದ್ದ ಹೆಂಗಸು ಒಂದು ಪಟ್ಟಿ ತೋರಿಸಿದರು. ಹೆಚ್ಚಿನ ಊರುಗಳ ಝೋನಿಂಗ್ ಪುಸ್ತಕದಲ್ಲಿ ಇಂಥದೊಂದು ಪಟ್ಟಿ ಇರುತ್ತದೆ. ಒಂದು ಕಡೆ ವ್ಯಾಪಾರದ ಹೆಸರು, ಮೇಲೆ ವಲಯದ ಹೆಸರು. ಎರಡೂ ಸೇರುವ ಚೌಕದಲ್ಲಿ 'ಪಿ' ಅಂತಿದ್ದರೆ ನೇರವಾಗಿ ಮಾಡಬಹುದು. 'ಎಸ್' ಅಂತಿದ್ದರೆ ಕೌನ್ಸಿಲ್ ವಿಶೇಷ ಅನುಮತಿ ಕೊಡಬೇಕು. ಖಾಲಿ ಇದ್ದರೆ ಆಗುವುದಿಲ್ಲ. ಕೆಲವು ಊರುಗಳಲ್ಲಿ ಅಕ್ಷರ ಬೇರೆ ಇರಬಹುದು, ಲೆಕ್ಕ ಮಾತ್ರ ಅದೇ. ನಮ್ಮ ವಲಯದಲ್ಲಿ ಫೋನ್ ಅಂಗಡಿಗೆ 'ಪಿ' ಇತ್ತು. ಹೋಟೆಲ್‌ಗೆ 'ಎಸ್' ಇತ್ತು.

ಅರ್ಜಿ ಹಾಕಿದರೆ ಆಯ್ತು, ಕೊಡುತ್ತಾರೆ ಅಂದುಕೊಂಡೆವು. ಅರ್ಜಿ ಮೊದಲು ಪ್ಲ್ಯಾನಿಂಗ್ ಅಂಡ್ ಝೋನಿಂಗ್ ಕಮಿಷನ್‌ಗೆ ಹೋಗುತ್ತದೆ. ಅವರು ಶಿಫಾರಸು ಮಾತ್ರ ಮಾಡುತ್ತಾರೆ. ಕೊನೆಯ ಮಾತು ಕೌನ್ಸಿಲ್‌ದು. ನಡುವೆ ತಿಂಗಳುಗಳು ಹೋಗುತ್ತವೆ, ಬಾಡಿಗೆ ಓಡುತ್ತಲೇ ಇರುತ್ತದೆ. ಕಮಿಷನ್ ನಮ್ಮ ಪರವಾಗಿ ಬರೆಯಿತು. ಕೌನ್ಸಿಲ್‌ನಲ್ಲಿ ಮೇಯರ್ ಸೇರಿ ಏಳು ಮಂದಿ. ಐದು ಜನ ಹೌದು ಅಂದರು, ಇಬ್ಬರು ಬೇಡ ಅಂದರು. ನಾವು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಎದ್ದು ನಿಂತೆವು. ಆಗ ಮೇಯರ್ "ಪ್ರಸ್ತಾವ ಬಿದ್ದುಹೋಯಿತು" ಅಂತ ಓದಿದರು.

ಏಳರಲ್ಲಿ ಐದು ಮತ ಬಂದರೂ ಸೋತದ್ದು ಹೇಗೆ? ಇದನ್ನು ಸರಿಯಾಗಿ ತಿಳಿದುಕೊಳ್ಳಿ. ಟೆಕ್ಸಾಸ್ ಕಾನೂನಿನಲ್ಲಿ, ನಿಮ್ಮ ಜಾಗದ ಸುತ್ತ 200 ಅಡಿಯೊಳಗಿನ ನೆಲದಲ್ಲಿ 20 ಪರ್ಸೆಂಟ್‌ನಷ್ಟು ನೆಲದ ಮಾಲೀಕರು ಬರೆದು ವಿರೋಧಿಸಿದರೆ ಬರೀ ಬಹುಮತ ಸಾಲುವುದಿಲ್ಲ. ಇಡೀ ಕೌನ್ಸಿಲ್‌ನ ನಾಲ್ಕರಲ್ಲಿ ಮೂರು ಪಾಲು ಬೇಕು. ಏಳು ಜನರಿದ್ದರೆ ಆರು ಮತ. ತಲೆ ಎಣಿಸುವುದಿಲ್ಲ, ನೆಲ ಎಣಿಸುತ್ತಾರೆ. ಪ್ಲಾಜಾದ ಹಿಂದಿನ ಗೋಡೆಗೆ ಹೊಂದಿಕೊಂಡು ಒಂದು ಸಾಲು ಮನೆಗಳಿದ್ದವು. ಅಲ್ಲಿಂದ ನಾಲ್ಕು ಕಾಗದ ಬಂದಿದ್ದವು. ಎಣ್ಣೆಯ ವಾಸನೆ ಬರುತ್ತದೆ, ರಾತ್ರಿ ಕಾರು ಜಾಸ್ತಿ ಆಗುತ್ತವೆ, ಕಸದ ಡಬ್ಬ ನಮ್ಮ ಗೋಡೆಗೇ ಬರುತ್ತದೆ. ಇಷ್ಟೇ ಅವರ ದೂರು. ನಾವು ಒಂದು ದಿನವೂ ಆ ಮನೆಗಳ ಬಾಗಿಲು ತಟ್ಟಿರಲಿಲ್ಲ. (ಹೊಸ ಮನೆಗಳಿಗೆ ದಾರಿ ಮಾಡುವ ಪ್ರಸ್ತಾವಗಳಿಗೆ 2025ರಲ್ಲಿ ಈ ನಿಯಮ ಸಡಿಲವಾಗಿದೆ. ಅಂಗಡಿ, ಹೋಟೆಲ್ ಹಾಕುವವರು ಅದನ್ನು ನಂಬಿಕೊಳ್ಳಬೇಡಿ.)

ಅದಾದ ಮೇಲೆ ಜಾಗದ ಮಾಲೀಕ ಕರಾರಿನಿಂದ ಬಿಡಲಿಲ್ಲ. ಬೇರೆ ಬಾಡಿಗೆದಾರ ಸಿಗುವವರೆಗೆ ಒಟ್ಟು 11 ತಿಂಗಳು ಕಟ್ಟಿದೆವು. 50,600 ಡಾಲರ್. ಒಂದು ರೊಟ್ಟಿಯನ್ನೂ ಸುಡದೆ ಅಷ್ಟು ಹಣ ಹೋಯಿತು. ಮಗಳ ಕಾಲೇಜಿಗೆ ಅಂತ ಎತ್ತಿಟ್ಟ ದುಡ್ಡು ಅದು.

ಆದ್ದರಿಂದ ಹೇಳುತ್ತೇನೆ. ಜಾಗ ಇಷ್ಟವಾದ ದಿನವೇ ಅದರ ವಿಳಾಸ ಬರೆದುಕೊಂಡು ಸಿಟಿ ಹಾಲ್‌ನ ಪ್ಲ್ಯಾನಿಂಗ್ ವಿಭಾಗಕ್ಕೆ ಹೋಗಿ. "ಈ ವಿಳಾಸದಲ್ಲಿ ಈ ಕೆಲಸ ಮಾಡಬಹುದಾ?" ಅಂತ ಕೇಳಿ. ಉತ್ತರವನ್ನು ಬರಹದಲ್ಲಿ ಪಡೆಯಿರಿ. ಅದಕ್ಕೆ ಝೋನಿಂಗ್ ವೆರಿಫಿಕೇಶನ್ ಲೆಟರ್ ಅನ್ನುತ್ತಾರೆ. ಏಜೆಂಟ್ ಮಾತು ಉತ್ತರವಲ್ಲ, ಮಾಲೀಕನ ಮಾತೂ ಅಲ್ಲ. ಮೊದಲು ಅಲ್ಲಿ ಹೋಟೆಲ್ ಇತ್ತು ಅನ್ನುವುದೂ ಸಾಲದು, ಎಷ್ಟೋ ಊರುಗಳಲ್ಲಿ ಕೆಲವು ತಿಂಗಳು ಖಾಲಿ ಬಿದ್ದರೆ ಹಳೆಯ ಹಕ್ಕು ಹೋಗುತ್ತದೆ. ಪಾರ್ಕಿಂಗ್ ಎಷ್ಟು ಬೇಕು, ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಬೇಕಾ, ಜಿಡ್ಡು ಹಿಡಿಯುವ ಗ್ರೀಸ್ ಟ್ರ್ಯಾಪ್ ಎಷ್ಟು ದೊಡ್ಡದು, ಇದನ್ನೂ ಅಂದೇ ಕೇಳಿ. ಕೌಂಟರಿನಲ್ಲಿರುವವರು ತಾಳ್ಮೆಯಿಂದ ಹೇಳುತ್ತಾರೆ. ಯಾರ ಪರಿಚಯವೂ ಬೇಡ, ಯಾರ ಕೈಗೂ ಏನೂ ಇಡಬೇಕಿಲ್ಲ. ಈ ಒಂದು ವಿಷಯದಲ್ಲಿ ಅವರ ವ್ಯವಸ್ಥೆ ನಮ್ಮದಕ್ಕಿಂತ ನೂರು ಪಾಲು ಮೇಲು.

ಎರಡನೆಯದು, ಕರಾರಿನಲ್ಲಿ ಒಂದು ಸಾಲು ಸೇರಿಸಿ. ಸಿಟಿ ಅನುಮತಿ ಕೊಡದಿದ್ದರೆ ಕರಾರು ರದ್ದು, ಮುಂಗಡ ವಾಪಸ್ಸು, ಅನುಮತಿ ಬರುವವರೆಗೆ ಬಾಡಿಗೆ ಶುರುವಾಗುವುದಿಲ್ಲ. ಮಾಲೀಕ ಒಪ್ಪದಿದ್ದರೆ ಎದ್ದು ಬನ್ನಿ. ವಕೀಲರಿಗೆ ಕೊಡುವ ಕೆಲವು ನೂರು ಡಾಲರ್ ಉಳಿಸಲು ಹೋಗಬೇಡಿ.

ಮೂರನೆಯದು ನೆರೆಯವರು. 2015ರಲ್ಲಿ ನಾವು ಇನ್ನೊಂದು ಜಾಗ ನೋಡಿದೆವು. ಅಲ್ಲೂ 'ಎಸ್' ಇತ್ತು. ಈ ಸಲ ಅರ್ಜಿಗೆ ಮೊದಲೇ ಹಿಂದಿನ ಹದಿನಾಲ್ಕು ಮನೆಗಳಿಗೆ ನಡೆದುಕೊಂಡು ಹೋದೆವು. ಒಬ್ಬ ಅಜ್ಜ ಒಂದು ಗಂಟೆ ಕೂರಿಸಿಕೊಂಡು ಮಾತಾಡಿದರು. ಕಸದ ಡಬ್ಬ ರಸ್ತೆ ಕಡೆಗೆ ಇಡಿ, ರಾತ್ರಿ ಒಂಬತ್ತಕ್ಕೆ ಮುಚ್ಚಿ, ಇಷ್ಟೇ ಕೇಳಿದರು. ಎರಡನ್ನೂ ಅರ್ಜಿಯಲ್ಲೇ ಷರತ್ತಾಗಿ ಬರೆದೆವು. ಒಂದು ವಿರೋಧದ ಕಾಗದವೂ ಬರಲಿಲ್ಲ. ಏಳಕ್ಕೆ ಏಳು ಮತ. ಊರಲ್ಲಾದರೆ ಅಂಗಡಿ ತೆಗೆದ ದಿನ ಓಣಿಗೆಲ್ಲ ಪೇಡಾ ಹಂಚುತ್ತೇವೆ. ಅಲ್ಲಿ ಆ ಪೇಡಾ ಮೊದಲೇ ಹಂಚಬೇಕು. ನೆರೆಯವರಿಗೆ ಮಾತ್ರ, ಕೌನ್ಸಿಲ್ ಸದಸ್ಯರಿಗಲ್ಲ. ನಿಮ್ಮ ಅರ್ಜಿ ಮುಂದಿರುವಾಗ ಅವರಿಗೆ ಶಾಲು-ಹಾರ ಹಾಕಲು ಹೋಗಬೇಡಿ. ಅದು ಗೌರವದ ಹಾಗೆ ಕಾಣುವುದಿಲ್ಲ.

ಅಂಗಡಿ ಹಾಕದವರಿಗೂ ಇದು ಬೇಕಾದ ವಿಷಯ. ನಿಮ್ಮ ಮನೆಯ 200 ಅಡಿಯೊಳಗೆ ಯಾರಾದರೂ ಝೋನಿಂಗ್ ಬದಲಾವಣೆ ಕೇಳಿದರೆ ವಿಚಾರಣೆಗೆ ಹತ್ತು ದಿನಕ್ಕಿಂತ ಮೊದಲು ಸಿಟಿಯಿಂದ ಕಾಗದ ಬರುತ್ತದೆ. ನೋಡಲು ಜಾಹೀರಾತಿನ ಕಾಗದದ ಹಾಗೇ ಇರುತ್ತದೆ. ನಮ್ಮವರು ಸುಮ್ನೆ ಹರಿದು ಬಿಸಾಡುತ್ತಾರೆ. ಬಾಡಿಗೆಗೆ ಇರುವವರಿಗೆ ಆ ಕಾಗದ ಬರುವುದೇ ಇಲ್ಲ, ಮಾಲೀಕರ ವಿಳಾಸಕ್ಕೆ ಹೋಗುತ್ತದೆ. ಹೊಸದಾಗಿ ಬಂದವರೆಲ್ಲ ಬಾಡಿಗೆ ಅಪಾರ್ಟ್‌ಮೆಂಟ್‌ನಲ್ಲೇ ಇರುತ್ತೀರಿ, ಅಲ್ವಾ? ಹಾಗಾಗಿ ಸಭೆಯ ಅಜೆಂಡಾವನ್ನು ನೀವೇ ನೋಡಬೇಕು. ಮೂರು ಕೆಲಸದ ದಿನ ಮೊದಲೇ ಸಿಟಿಯವರು ಹಾಕಿರಬೇಕು ಅನ್ನುವುದು ಕಾನೂನು.

ಇಲ್ಲಿ ಮನಸ್ಸಿಗೆ ನೋವಾದ ಒಂದು ವಿಷಯ ಹೇಳಲೇಬೇಕು. ಕೌನ್ಸಿಲ್ ಸಭೆ ಶುರುವಾಗುವುದು ಸನ್ಮಾನಗಳಿಂದ. ಒಳ್ಳೆಯ ಅಗ್ನಿಶಾಮಕ ಸಿಬ್ಬಂದಿಗೆ ಪ್ರಶಸ್ತಿ, ಶಾಲೆಯ ಮಕ್ಕಳಿಗೆ ಮೆಚ್ಚುಗೆ, ಹಬ್ಬಗಳಿಗೆ ಘೋಷಣಾ ಪತ್ರ. ನವೆಂಬರ್‌ನಲ್ಲಿ ಕನ್ನಡ ರಾಜ್ಯೋತ್ಸವದ ಘೋಷಣಾ ಪತ್ರ ಪಡೆಯಲು ನಾವು ನಲವತ್ತು ಜನ ರೇಷ್ಮೆ ಸೀರೆ, ಪೇಟ ತೊಟ್ಟು ಹೋದೆವು. ಮೇಯರ್ ಬಾಯಲ್ಲಿ ಕರ್ನಾಟಕ ಅನ್ನುವ ಹೆಸರು ಕೇಳಿ ಕಣ್ಣು ತುಂಬಿತು. ಫೋಟೋ ತೆಗೆಸಿಕೊಂಡು ಎಲ್ಲರೂ ಹೊರಗೆ ಬಂದೆವು. ಅದೇ ರಾತ್ರಿ, ಅದೇ ಸಭೆಯಲ್ಲಿ, ನಮ್ಮವರು ಜಾಸ್ತಿ ಇರುವ ಅಪಾರ್ಟ್‌ಮೆಂಟ್ ಪಕ್ಕದ ಖಾಲಿ ಜಾಗ ಗೋದಾಮಿಗೆ ಹೋಯಿತು. ಮಕ್ಕಳು ಶಾಲೆಗೆ ನಡೆಯುವ ದಾರಿಯಲ್ಲಿ ಈಗ ಲಾರಿಗಳು ಓಡುತ್ತವೆ. ವಿರೋಧಿಸಿ ಮಾತಾಡಿದವರು ಇಬ್ಬರೇ, ಇಬ್ಬರೂ ನಮ್ಮವರಲ್ಲ. ಘೋಷಣಾ ಪತ್ರಕ್ಕೆ ಮತ ಇಲ್ಲ, ಹಣ ಇಲ್ಲ, ಕಾನೂನಿನ ಬಲ ಇಲ್ಲ. ಪ್ರೀತಿಯಿಂದ ತೆಗೆದುಕೊಳ್ಳಿ, ಆದರೆ ತೆಗೆದುಕೊಂಡ ಮೇಲೆ ಕುರ್ಚಿ ಬಿಟ್ಟು ಏಳಬೇಡಿ.

ಮಾತಾಡುವುದು ಕಷ್ಟವಲ್ಲ. ಬಾಗಿಲ ಬಳಿ ಚೀಟಿ ಇರುತ್ತದೆ, ಹೆಸರು ಮತ್ತು ವಿಷಯದ ನಂಬರ್ ಬರೆದು ಕೊಡಿ. ಸಾಮಾನ್ಯವಾಗಿ ಮೂರು ನಿಮಿಷ ಸಿಗುತ್ತದೆ. ಅಜೆಂಡಾದಲ್ಲಿ ಇಲ್ಲದ ವಿಷಯ ಎತ್ತಿದರೆ ಅವರು ಚರ್ಚೆ ಮಾಡುವಂತಿಲ್ಲ, ಅದೂ ಕಾನೂನೇ. ಸುಮ್ಮನೆ ಕೂತಿದ್ದಾರೆ ಅಂತ ಅವಮಾನ ಅಂದುಕೊಳ್ಳಬೇಡಿ. ಮುಂದಿನ ಸಭೆಗೆ ಸೇರಿಸಿ ಅಂತ ಕೇಳಿ. 'ಕನ್ಸೆಂಟ್ ಅಜೆಂಡಾ' ಅಂತ ಒಂದು ಭಾಗ ಇರುತ್ತದೆ. ಅದರಲ್ಲಿನ ಹತ್ತಿಪ್ಪತ್ತು ವಿಷಯ ಒಂದೇ ಮತಕ್ಕೆ ಪಾಸಾಗುತ್ತವೆ. ನಿಮ್ಮ ವಿಷಯ ಅಲ್ಲಿದ್ದರೆ ಸಭೆಗೆ ಮೊದಲೇ ನಿಮ್ಮ ಸದಸ್ಯರಿಗೆ ಬರೆದು ಬೇರೆಯಾಗಿ ಎತ್ತಲು ಕೇಳಿ. ಇನ್ನು ಬೋರ್ಡ್ ಆಫ್ ಅಡ್ಜಸ್ಟ್‌ಮೆಂಟ್, ಅಂದರೆ ಝೋನಿಂಗ್ ನಿಯಮದಿಂದ ವಿನಾಯಿತಿ ಕೇಳುವವರ ಅರ್ಜಿ ನೋಡುವ ಮಂಡಳಿ, ಬೇರೆ. ಅದು ಕೋರ್ಟ್ ಇದ್ದ ಹಾಗೆ, ಆ ಸದಸ್ಯರಿಗೆ ಮನೆಗೆ ಫೋನ್ ಮಾಡಬೇಡಿ. ಎಚ್‌ಒಎ, ಅಂದರೆ ಬಡಾವಣೆಯ ಮನೆ ಮಾಲೀಕರ ಸಂಘ, ಇನ್ನೂ ಬೇರೆ. ಸಿಟಿ ಹೌದು ಅಂದರೂ ಎಚ್‌ಒಎ ಬೇಡ ಅಂದರೆ ಬೇಡವೇ.

ಯಾವ ವ್ಯವಸ್ಥೆ ಒಳ್ಳೆಯದು ಅಂತ ಅಮ್ಮ ಕೇಳಿದಳು. ಹಾಲಿಗೆ, ಕೊತ್ತಂಬರಿಗೆ ಕಾರು ತೆಗೆಯಬೇಕಾದ ಊರು ನನಗೆ ಇವತ್ತಿಗೂ ಒಗ್ಗಿಲ್ಲ. ಮನೆ, ಅಂಗಡಿ, ದುಡಿಮೆ ಬೆರೆತ ಬಳ್ಳಾರಿಯ ಓಣಿಯೇ ಬದುಕಲು ಚೆಂದ. ಕೈಯಲ್ಲಿ ಬಂಡವಾಳ ಇಲ್ಲದ ಹೆಂಗಸು ಮನೆಯಲ್ಲೇ ಹೊಲಿದು ಬದುಕಬಹುದು. ಆದರೆ ಅದೇ ಜೀನ್ಸ್ ತೊಳೆದ ಬಣ್ಣದ ನೀರು ಚರಂಡಿಗೆ ಬಂದಾಗ ಯಾರನ್ನು, ಎಲ್ಲಿ, ಯಾವಾಗ ಕೇಳಬೇಕು? ಕೊಪ್ಪಳದಲ್ಲಿ ಊರಿಗೆ ಅಂಟಿಕೊಂಡ ಉಕ್ಕಿನ ಕಾರ್ಖಾನೆ ಬೆಳೆಯುವುದು ಬೇಡ ಅನ್ನಲು 2025ರ ಫೆಬ್ರವರಿಯಲ್ಲಿ ಇಡೀ ಊರು ಬಂದ್ ಮಾಡಬೇಕಾಯಿತು, ಗವಿಮಠದ ಸ್ವಾಮೀಜಿಯೇ ಬೀದಿಗೆ ಬರಬೇಕಾಯಿತು. ಟೆಕ್ಸಾಸ್‌ನಲ್ಲಿ ನಾಲ್ಕು ಮನೆಯವರ ಕಾಗದ ಕೌನ್ಸಿಲ್‌ನ ಲೆಕ್ಕವನ್ನೇ ಬದಲಿಸಬಲ್ಲದು. ಅದರಿಂದ ನಾನು ಹಣ ಕಳೆದುಕೊಂಡೆ. ಆದರೂ ಆ ಹಕ್ಕು ಕೊಪ್ಪಳದವರಿಗೂ ಇರಬೇಕಿತ್ತು ಅಂತಲೇ ನನ್ನ ಮಾತು.

ಗಂಗಾವತಿಯ ಹುಡುಗನ ವಿಚಾರಣೆ ಬರುವ ಮಂಗಳವಾರ ರಾತ್ರಿ ಏಳಕ್ಕೆ. ನಮಗೆ ಇಲ್ಲಿ ಬುಧವಾರ ಬೆಳಗಿನ ಜಾವ ಐದೂವರೆ. ಈ ವಾರ ದಿನಾ ಸಂಜೆ ಅವನು ಹಿಂದಿನ ಮನೆಗಳಿಗೆ ಹೋಗಿ ಬರುತ್ತಿದ್ದಾನೆ. ಒಂಬತ್ತು ಮನೆ ಆಗಿದೆ, ಐದು ಉಳಿದಿವೆ. ಸಭೆ ನೇರವಾಗಿ ತೋರಿಸುತ್ತಾರೆ. ಅವನ ತಾಯಿ ಮಂಗಳವಾರ ಸಂಜೆಯೇ ಬಸ್ ಹತ್ತಿ ನಮ್ಮ ಮನೆಗೆ ಬರುತ್ತೇನೆ ಅಂದಿದ್ದಾರೆ. ಅಜೆಂಡಾದಲ್ಲಿ ಅವನದು ಏಳನೆಯ ವಿಷಯ.