ಬ್ಯೋರ್ಕ್ ಹಾಡುಗಳಿಗೆ ಅಂಕ ಕೊಟ್ಟಿದ್ದು: ನಮ್ಮ ಪಟ್ಟಿ ಆದ ಬಗೆ

1993ರ ‘ಡೆಬ್ಯೂ’ನಿಂದ ಹಿಡಿದು 2022ರ ‘ಫೊಸೋರಾ’ವರೆಗೆ ಬ್ಯೋರ್ಕ್‌ಳ ಸ್ಟುಡಿಯೋ ಆಲ್ಬಂಗಳು ಹತ್ತು. ಹಾಡುಗಳ ಲೆಕ್ಕ ನೂರು ದಾಟುತ್ತದೆ. ಇವನ್ನೆಲ್ಲ ಒಂದೊಂದಾಗಿ ಕೇಳಿ, ಅಂಕ ಕೊಟ್ಟು, ಸಾಲಾಗಿ ಜೋಡಿಸುವ ಕೆಲಸವನ್ನು ನಾವು ಕೆಲವು ಗೆಳೆಯರು ಸೇರಿ ಮಾಡಿದೆವು. ನಡೆಸುವ ಹೊಣೆ ನನ್ನದಾಗಿತ್ತು. ಬೆಂಗಳೂರಲ್ಲಿ ಇರುವವರು ನಮ್ಮ ಮನೆಗೆ ಬರುತ್ತಿದ್ದರು. ಮೈಸೂರಿನ ಒಬ್ಬ ಗೆಳತಿ, ಡಬ್ಲಿನ್‌ನಲ್ಲಿರುವ ಒಬ್ಬ ಗೆಳೆಯ ವಿಡಿಯೋ ಕಾಲ್‌ನಲ್ಲಿ ಸೇರಿಕೊಳ್ಳುತ್ತಿದ್ದರು. ನಿಮ್ಮ ಇಷ್ಟದ ಕಲಾವಿದರ ಮೇಲೆ ನೀವೂ ಹೀಗೆ ಮಾಡಬೇಕು ಅಂದುಕೊಂಡಿದ್ದರೆ, ನಾವು ಹೇಗೆ ಮಾಡಿದೆವು, ಏನಕ್ಕೆ ಹಾಗೆ ಮಾಡಿದೆವು ಅಂತ ಹೇಳುತ್ತೇನೆ.

ಬ್ಯೋರ್ಕ್ ಗೊತ್ತಿಲ್ಲದವರಿಗೆ ಎರಡು ಮಾತು. ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ 1965ರಲ್ಲಿ ಹುಟ್ಟಿದಾಕೆ. ‘ಶುಗರ್‌ಕ್ಯೂಬ್ಸ್’ ಬ್ಯಾಂಡಿನಲ್ಲಿ ಹಾಡುತ್ತಿದ್ದಳು, ಆಮೇಲೆ ಒಬ್ಬಳೇ ಹೊರಟಳು. ಒಂದು ಆಲ್ಬಂನ ಸದ್ದು ಇನ್ನೊಂದರಲ್ಲಿ ಸಿಗುವುದಿಲ್ಲ. 1997ರ ‘ಹೋಮೋಜೆನಿಕ್’ನಲ್ಲಿ ಪಿಟೀಲು, ಚೆಲ್ಲೋಗಳ ಜೊತೆ ಗುಡುಗುವ ಎಲೆಕ್ಟ್ರಾನಿಕ್ ಬೀಟ್ ಇದೆ. 2004ರ ‘ಮೆಡುಲ್ಲಾ’ ಹೆಚ್ಚುಕಡಿಮೆ ಪೂರ್ತಿ ಮನುಷ್ಯರ ಕಂಠದಿಂದಲೇ ಆಗಿದ್ದು. ‘ಯುಟೋಪಿಯಾ’ ತುಂಬಾ ಕೊಳಲು, ‘ಫೊಸೋರಾ’ದಲ್ಲಿ ಬಾಸ್ ಕ್ಲಾರಿನೆಟ್. ಇಷ್ಟೊಂದು ಬೇರೆ ಬೇರೆ ಹಾಡುಗಳನ್ನು ಒಂದೇ ಪಟ್ಟಿಯಲ್ಲಿ ಕೂರಿಸುವುದು ಕಷ್ಟ. ಈ ಕೆಲಸದ ರುಚಿ ಇರುವುದೂ ಅಲ್ಲೇ.

ಅಂಕದ ಮಾತು ಬರುವ ಮುಂಚೆಯೇ ಜಗಳ ಶುರುವಾಯಿತು. ಯಾವ ಹಾಡು ಪಟ್ಟಿಯೊಳಗೆ, ಯಾವುದು ಹೊರಗೆ? 1977ರಲ್ಲಿ ಇನ್ನೂ ಪುಟ್ಟ ಹುಡುಗಿಯಾಗಿದ್ದಾಗ ಹಾಡಿದ ಆಲ್ಬಂ ಬೇಡ, ಬ್ಯಾಂಡಿನ ಹಾಡುಗಳೂ ಬೇಡ ಅನ್ನುವುದು ಬೇಗ ತೀರ್ಮಾನವಾಯಿತು. ‘ಪ್ಲೇ ಡೆಡ್’ ಸಿನಿಮಾಗಾಗಿ ಮಾಡಿದ ಹಾಡು, ಆದರೂ ಒಳಗೆ ಬಂತು. 2000ದ ‘ಸೆಲ್ಮಾಸಾಂಗ್ಸ್’ ಕೂಡ ಬಂತು. ಅದು ‘ಡಾನ್ಸರ್ ಇನ್ ದ ಡಾರ್ಕ್’ ಸಿನಿಮಾದ ಸಂಗೀತ. ಆ ಸಿನಿಮಾದ ಪಾತ್ರಕ್ಕೆ ಆಕೆಗೆ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿ ಸಿಕ್ಕಿತ್ತು. ‘ರೇಡಿಯೋಹೆಡ್’ ಬ್ಯಾಂಡಿನ ಗಾಯಕ ಥಾಮ್ ಯಾರ್ಕ್ ಜೊತೆ ಹಾಡಿದ ‘ಐವ್ ಸೀನ್ ಇಟ್ ಆಲ್’ ಅದರಲ್ಲಿದೆ. ಅದನ್ನು ಬಿಟ್ಟು ಪಟ್ಟಿ ಮಾಡಲು ನನಗೆ ಮನಸ್ಸಿರಲಿಲ್ಲ.

ಒಂದೇ ಹಾಡಿಗೆ ಎರಡು ರೂಪ ಇದ್ದರೆ ಏನು ಮಾಡುವುದು? ‘ಆಲ್ ಈಸ್ ಫುಲ್ ಆಫ್ ಲವ್’ ನೋಡಿ. ‘ಹೋಮೋಜೆನಿಕ್’ನ ಕೊನೆಯಲ್ಲಿ ಇರುವುದು ಹೌವೀ ಬಿ ಅನ್ನುವ ಸಂಗೀತ ನಿರ್ಮಾಪಕ ಮಾಡಿದ ಮಿಕ್ಸ್. ಬೀಟ್ ಇಲ್ಲದೆ ತೇಲುತ್ತದೆ. ಬಹಳ ಜನಕ್ಕೆ ಗೊತ್ತಿರುವುದು ಕ್ರಿಸ್ ಕನಿಂಗ್‌ಹ್ಯಾಮ್ ಮಾಡಿದ ವಿಡಿಯೋದಲ್ಲಿ, ಅದೇ ಎರಡು ರೋಬೋಗಳ ವಿಡಿಯೋ, ಕೇಳಿಸುವ ರೂಪ. ಎರಡೂ ಬೇರೆ ಬೇರೆ ಅನುಭವ. ಒಂದಕ್ಕೆ 10 ಕೊಡುವವರು ಇನ್ನೊಂದಕ್ಕೆ 7 ಕೊಡಬಹುದು. ಹಾಗಾಗಿ ಯಾವ ರೂಪಕ್ಕೆ ಅಂಕ ಅಂತ, ಅಂಕ ಬರೆದಿಡುವ ಸ್ಪ್ರೆಡ್‌ಶೀಟಿನಲ್ಲೇ ಬರೆದುಕೊಂಡೆವು: ಆಲ್ಬಂನಲ್ಲಿ ಇರುವುದಕ್ಕೆ ಮಾತ್ರ. ಇದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ. ಇಲ್ಲದಿದ್ದರೆ ಒಬ್ಬರು ಒಂದು ಹಾಡಿನ ಬಗ್ಗೆ ಮಾತಾಡುತ್ತಿರುತ್ತಾರೆ, ಇನ್ನೊಬ್ಬರು ಬೇರೆಯದರ ಬಗ್ಗೆ.

ಕೇಳುವುದಕ್ಕೂ ನಿಯಮ ಇಟ್ಟುಕೊಂಡೆವು. ವಿಡಿಯೋ ನೋಡದೆ ಕೇಳಬೇಕು. ಬ್ಯೋರ್ಕ್ ವಿಷಯದಲ್ಲಿ ಇದು ತುಂಬಾ ಮುಖ್ಯ. ಮಿಶೆಲ್ ಗೋಂಡ್ರಿ, ಸ್ಪೈಕ್ ಜೋನ್ಸ್ ಅಂಥವರು ಮಾಡಿದ ವಿಡಿಯೋಗಳು ಎಷ್ಟು ಚೆನ್ನಾಗಿವೆ ಅಂದರೆ, ಹಾಡಿಗೆ ಕೊಡುವ ಅಂಕ ನಮಗೆ ಗೊತ್ತಿಲ್ಲದೆ ಚಿತ್ರಕ್ಕೆ ಹೋಗಿಬಿಡುತ್ತದೆ. ನಮ್ಮಲ್ಲಿ ವಯಸ್ಸಾದವರು ಈಕೆಯನ್ನು ಮೊದಲು ಕಂಡದ್ದು ತೊಂಬತ್ತರ ದಶಕದ ಕೇಬಲ್ ಟಿವಿಯಲ್ಲೇ. ‘ಹ್ಯೂಮನ್ ಬಿಹೇವಿಯರ್’ ಅಂದ ಕೂಡಲೇ ಅವರ ಕಣ್ಣಿಗೆ ಅದರ ವಿಡಿಯೋದ ಕರಡಿ ಬರುತ್ತದೆ.

ಹಾಗೆಯೇ, ಪ್ರತಿ ಹಾಡನ್ನೂ ಹೆಡ್‌ಫೋನ್‌ನಲ್ಲಿ ಒಂದು ಸಲ, ಸ್ಪೀಕರ್‌ನಲ್ಲಿ ಒಂದು ಸಲ ಕೇಳಿಸಿಕೊಂಡೆವು. 2001ರ ‘ವೆಸ್ಪರ್ಟೈನ್’ ಇದಕ್ಕೆ ಕಾರಣ. ಆ ಆಲ್ಬಂನ ಬೀಟ್‌ಗಳು ಬಲು ಸಣ್ಣವು. ಚಟಪಟ, ಸರಸರ ಅನ್ನುವ ಸದ್ದುಗಳು. ಮ್ಯೂಸಿಕ್ ಬಾಕ್ಸ್, ಹಾರ್ಪ್, ಸೆಲೆಸ್ಟಾ. ಅಮೆರಿಕದ ಎಲೆಕ್ಟ್ರಾನಿಕ್ ಸಂಗೀತದ ಜೋಡಿ ‘ಮ್ಯಾಟ್‌ಮಾಸ್’ ಇದರಲ್ಲಿ ಕೈಜೋಡಿಸಿದೆ. ‘ಅರೋರಾ’ ಹಾಡಿನಲ್ಲಿ ಹಿಮದ ಮೇಲೆ ಹೆಜ್ಜೆ ಇಟ್ಟ ಹಾಗೆ ಕೇಳಿಸುವ ತಾಳ ಇದೆ. ರೂಮಿನಲ್ಲಿ ಫ್ಯಾನ್ ತಿರುಗುತ್ತಿದ್ದರೆ ಅದರಲ್ಲಿ ಅರ್ಧ ಮಾಯ. ಇದಕ್ಕೆ ಉಲ್ಟಾ ‘ಹೋಮೋಜೆನಿಕ್’ನ ‘ಪ್ಲೂಟೋ’. ಅದಕ್ಕೆ ದೊಡ್ಡ ಸ್ಪೀಕರ್ ಬೇಕು. ಕಂಠವೇ ಹರಿದು ಹೋಗುವಂಥ ಚೀರಾಟ, ಟೆಕ್ನೋ ಹೊಡೆತ. ಅದನ್ನು ಮೈಯಲ್ಲಿ ಕೇಳಬೇಕು.

ಆಲ್ಬಂಗಳನ್ನು ಬಂದ ವರ್ಷದ ಕ್ರಮದಲ್ಲಿ ಕೇಳಲಿಲ್ಲ. ಹಾಗೆ ಕೇಳಿದರೆ ಹೊಸ ಆಲ್ಬಂಗಳು ಯಾವಾಗಲೂ ದಣಿದ ಕಿವಿಗೆ ಬೀಳುತ್ತವೆ. ಹಳೆಯದು ಒಂದು, ಹೊಸದು ಒಂದು ಅಂತ ಬೆರೆಸಿದೆವು. ‘ಪೋಸ್ಟ್’ ಆದ ಮೇಲೆ ‘ಫೊಸೋರಾ’, ‘ಡೆಬ್ಯೂ’ ಆದ ಮೇಲೆ ‘ವಲ್ನಿಕ್ಯುರಾ’.

ಅಂಕ 0ಯಿಂದ 10. ಅರ್ಧ ಅಂಕವೂ ಕೊಡಬಹುದು. ಇದರ ಮೇಲೆ ಪ್ರತಿಯೊಬ್ಬರಿಗೂ ಒಂದೇ ಒಂದು 11. ಇದು ಪಾಪ್ ಅಭಿಮಾನಿಗಳಲ್ಲಿ ಚಾಲ್ತಿಯಲ್ಲಿರುವ ಪದ್ಧತಿ. ಎಲ್ಲ ಹಾಡುಗಳಲ್ಲಿ ನಿಮ್ಮ ಪ್ರಾಣ ಯಾವುದೋ ಅದಕ್ಕೆ ಆ 11. ಒಂದು ಸಲ ಕೊಟ್ಟರೆ ವಾಪಸ್ ಇಲ್ಲ. ಅಂಕವನ್ನು ಗುಟ್ಟಾಗಿ ನನಗೆ ಕಳಿಸಬೇಕು, ಜೊತೆಗೆ ಎರಡು ಸಾಲು ಕಾರಣ. ಬರೀ ‘ಚೆನ್ನಾಗಿದೆ’ ಅಂದರೆ ಆಗಲ್ಲ. ಎಲ್ಲಿ, ಯಾವ ಜಾಗದಲ್ಲಿ ಹಿಡಿಸಿತು ಅಂತ ಹೇಳಬೇಕು. ಈ ಕಾರಣಗಳೇ ಮುಂದಿನ ಚರ್ಚೆಗೆಲ್ಲ ಬಂಡವಾಳ.

ಅಂಕ ಕೊಡುವುದರಲ್ಲಿ ಒಬ್ಬೊಬ್ಬರ ಕೈ ಒಂದೊಂದು ಥರ. ಒಬ್ಬಳು ಎಲ್ಲದಕ್ಕೂ 8ರ ಮೇಲೆ ಕೊಡುತ್ತಾಳೆ. ಡಬ್ಲಿನ್ ಗೆಳೆಯನ ಕೈಯಿಂದ 6ರ ಮೇಲೆ ಬಂದರೆ ಹಬ್ಬ. ಅದಕ್ಕೇ ಪ್ರತಿಯೊಬ್ಬರ ಅಂಕದಿಂದ ಅವರದೇ ಸರಾಸರಿಯನ್ನು ಕಳೆದು, ಉಳಿದದ್ದನ್ನು ಕೂಡಿದೆ. ಆಗ ಧಾರಾಳಿಯ 8ಕ್ಕೂ ಬಿಗಿ ಕೈಯವನ 5ಕ್ಕೂ ಸರಿಯಾದ ಬೆಲೆ ಸಿಗುತ್ತದೆ.

ಇಡೀ ಕೆಲಸದಲ್ಲಿ ನನಗೆ ತುಂಬಾ ಬೆಲೆಬಾಳುವುದು ಅನ್ನಿಸಿದ್ದು ಶೀಟಿನ ಇನ್ನೊಂದು ಕಾಲಂ. ಎಲ್ಲರೂ 7 ಕೊಟ್ಟ ಹಾಡಿನ ಸರಾಸರಿ 7. ಅರ್ಧ ಜನ 10, ಅರ್ಧ ಜನ 4 ಕೊಟ್ಟ ಹಾಡಿನ ಸರಾಸರಿಯೂ 7. ಪಟ್ಟಿಯಲ್ಲಿ ಎರಡೂ ಅಕ್ಕಪಕ್ಕ ಕೂರುತ್ತವೆ. ಮೊದಲನೆಯದರ ಬಗ್ಗೆ ಐದು ನಿಮಿಷ ಮಾತಾಡಲು ಯಾರಿಗೂ ಏನೂ ಇರುವುದಿಲ್ಲ. ಎರಡನೆಯದು ರಾತ್ರಿ ಹನ್ನೊಂದು ದಾಟಿದರೂ ಮುಗಿಯಲ್ಲ. ಹಾಗಾಗಿ ಸರಾಸರಿಯ ಪಕ್ಕದಲ್ಲೇ ಅಂಕಗಳು ಎಷ್ಟು ಚದುರಿವೆ ಅನ್ನುವ ಲೆಕ್ಕವನ್ನೂ ಹಾಕಿದೆ. ಸ್ಪ್ರೆಡ್‌ಶೀಟ್‌ನಲ್ಲಿ ಸ್ಟ್ಯಾಂಡರ್ಡ್ ಡೀವಿಯೇಷನ್‌ಗೆ ಒಂದೇ ಫಾರ್ಮುಲಾ ಸಾಕು. ಚರ್ಚೆಗೆ ಕೂತಾಗ ಮೊದಲು ಎತ್ತಿಕೊಂಡದ್ದು ಈ ಕಾಲಂನಲ್ಲಿ ಮೇಲಿದ್ದ ಹಾಡುಗಳನ್ನು. ಪ್ರಯೋಗ ಮಾಡುವ ಕಲಾವಿದೆಯ ವಿಷಯದಲ್ಲಿ ಬರೀ ಸರಾಸರಿ ನಂಬಿದರೆ, ಆಕೆ ಧೈರ್ಯ ಮಾಡಿದ ಹಾಡುಗಳೆಲ್ಲ ಮಧ್ಯದಲ್ಲಿ ಹೂತುಹೋಗುತ್ತವೆ. ನಮ್ಮ ಶೀಟಿನಲ್ಲಿ ‘ಪ್ಲೂಟೋ’ ಹಾಗೆ ಮಧ್ಯದಲ್ಲಿತ್ತು. ಚದುರಿದ ಲೆಕ್ಕದಲ್ಲಿ ಮಾತ್ರ ಬಹಳ ಮೇಲೆ. ‘ಮೆಡುಲ್ಲಾ’ ಆಲ್ಬಂ ಪೂರ್ತಿ ಹಾಗೇ. ಅದರಲ್ಲಿ ಕೆನಡಾದ ಇನ್ಯುಟ್ ಮೂಲನಿವಾಸಿ ಗಾಯಕಿ ತಾನ್ಯಾ ತಗಾಕ್‌ಳ ಗಂಟಲ ಹಾಡು, ರಾಹ್‌ಜೆಲ್‌ ಬಾಯಿಂದಲೇ ತಾಳ ಹಾಕುವ ಬೀಟ್‌ಬಾಕ್ಸ್ ಇದೆ. 2004ರ ಅಥೆನ್ಸ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಹಾಡಿದ ‘ಓಷಿಯಾನಿಯಾ’ ಕೂಡ ಇದರದ್ದೇ.

ಅತಿ ಉದ್ದದ ವಾದ ನಡೆದದ್ದು ‘ಬ್ಲ್ಯಾಕ್ ಲೇಕ್’ ಮೇಲೆ. 2015ರ ‘ವಲ್ನಿಕ್ಯುರಾ’ ದಾಂಪತ್ಯದಂಥ ಒಂದು ದೀರ್ಘ ಸಂಬಂಧ ಮುರಿದುಬಿದ್ದದ್ದರ ಆಲ್ಬಂ. ಮೊದಲ ಆರು ಹಾಡಿಗೂ ಬೇರೆಯಾಗುವ ಎಷ್ಟು ತಿಂಗಳು ಮುಂಚೆ, ಎಷ್ಟು ತಿಂಗಳು ಆಮೇಲೆ ಅಂತ ಗುರುತು ಹಾಕಿದ್ದಾಳೆ. ‘ಬ್ಲ್ಯಾಕ್ ಲೇಕ್’ ಎರಡು ತಿಂಗಳ ಆಮೇಲಿನದು, ಹತ್ತು ನಿಮಿಷದ್ದು. ಒಂದೊಂದು ಚರಣ ಮುಗಿದ ಮೇಲೂ ತಂತಿವಾದ್ಯಗಳು ಒಂದೇ ಸ್ವರಗುಚ್ಛ ಹಿಡಿದು ಸುಮ್ಮನೆ ನಿಂತುಬಿಡುತ್ತವೆ. ಮುಂದೆ ಹೋಗುವುದೇ ಇಲ್ಲ. “ಇಷ್ಟು ಹೊತ್ತು ಏನೂ ಆಗಲ್ಲ ಕಣೋ, ಎಡಿಟ್ ಮಾಡಬೇಕಿತ್ತು” ಅಂತ ಒಬ್ಬನ ವಾದ. ಮೈಸೂರಿನ ಗೆಳತಿ ಒಪ್ಪಲಿಲ್ಲ. “ಅಮ್ಮ ಹೋದಾಗ ನನಗೆ ಹಾಗೇ ಆಗಿತ್ತು. ಒಂದು ಕೆಲಸ ಮಾಡ್ತಾ ಇದ್ದವಳು ನಡುವೆ ನಿಂತುಬಿಡ್ತಿದ್ದೆ. ಆ ನಿಲ್ಲೋದನ್ನ ಎಡಿಟ್ ಮಾಡಿದ್ರೆ ಹಾಡಲ್ಲಿ ಇನ್ನೇನು ಉಳಿಯುತ್ತೆ?” ಅಂದಳು. ಅವನು ತನ್ನ ಅಂಕ ಬದಲಿಸಲಿಲ್ಲ, ನಿಯಮದ ಪ್ರಕಾರ ಬದಲಿಸುವ ಹಾಗೂ ಇಲ್ಲ. ಆದರೆ ಆ ಹಾಡನ್ನು ಇನ್ನೊಂದು ಸಲ ಹಾಕು ಅಂತ ಕೇಳಿದವನು ಅವನೇ.

ಸಂಗೀತ ಕಲಿತವರು ಗುಂಪಲ್ಲಿದ್ದರೆ ತುಂಬಾ ಒಳ್ಳೆಯದು. ನಮ್ಮಲ್ಲಿ ಒಬ್ಬಳು ಕರ್ನಾಟಕ ಸಂಗೀತದಲ್ಲಿ ಪಿಟೀಲು ಕಲಿತವಳು. 2011ರ ‘ಬಯೋಫಿಲಿಯಾ’ದ ‘ಕ್ರಿಸ್ಟಲೈನ್’ ಬಂದಾಗ ನಮಗೆಲ್ಲ ತಾಳ ಎಲ್ಲೋ ಜಾರುತ್ತಿದೆ ಅನ್ನಿಸುತ್ತಿತ್ತು. ಅವಳು ತೊಡೆಯ ಮೇಲೆ ಬೆರಳು ಮಡಿಸಿ ಎಣಿಸಿದಳು. ಚರಣದಲ್ಲಿ ತಾಳದ ಒಂದು ಆವರ್ತಕ್ಕೆ 17 ಎಣಿಕೆ. ಗೊತ್ತಾದ ಮೇಲೆ ಕೇಳಿದರೆ ಎಲ್ಲ ಕಡೆ ಅದು ಸರಿಯಾಗಿ ಬಂದು ಕೂರುತ್ತದೆ. ‘ಡೆಬ್ಯೂ’ನ ‘ವೀನಸ್ ಆಸ್ ಎ ಬಾಯ್’ನಲ್ಲಿ ತಂತಿವಾದ್ಯಗಳು ಜಾರುವ ರೀತಿ ಎಲ್ಲೋ ಕೇಳಿದ ಹಾಗಿದೆ ಅಲ್ವಾ ಅಂತ ಎಲ್ಲರಿಗೂ ಅನ್ನಿಸಿತ್ತು. ಅದರಲ್ಲಿ ತಬಲಾ ನುಡಿಸಿ, ತಂತಿವಾದ್ಯಗಳನ್ನೂ ನೋಡಿಕೊಂಡವರು ಭಾರತೀಯ ಮೂಲದ ಬ್ರಿಟಿಷ್ ಸಂಗೀತಗಾರ ತಲ್ವಿನ್ ಸಿಂಗ್.

‘ಇಟ್ಸ್ ಓ ಸೋ ಕ್ವಯಟ್’ ಇನ್ನೊಂದು ತಲೆನೋವು. ಬ್ರಿಟನ್ನಿನಲ್ಲಿ 4ನೇ ಸ್ಥಾನಕ್ಕೆ ಏರಿದ ಹಾಡು. ಹೊರಗಿನವರಿಗೆ ಬ್ಯೋರ್ಕ್ ಅಂದರೆ ಇದೇ. ಆದರೆ ಇದು ಆಕೆ ಬರೆದದ್ದಲ್ಲ, 1951ರಲ್ಲಿ ಅಮೆರಿಕದ ನಟಿ-ಗಾಯಕಿ ಬೆಟ್ಟಿ ಹಟ್ಟನ್ ಹಾಡಿದ್ದು. ಅಭಿಮಾನಿಗಳಲ್ಲಿ ಕೆಲವರು ಇದನ್ನು ಕೇಳಿದರೆ ಮುಖ ತಿರುಗಿಸುತ್ತಾರೆ. ನನ್ನ ಪ್ರಕಾರ ಅದು ಅನ್ಯಾಯ. ಪಿಸುಮಾತಿನಿಂದ ಕಿರುಚಾಟಕ್ಕೆ ಆಕೆ ಹಾರುವ ರೀತಿ ಬೇರೆ ಯಾರ ಕೈಲೂ ಆಗಲ್ಲ. ನಾನು 8 ಕೊಟ್ಟೆ.

ಇಲ್ಲಿ 2002ರ ಮಾತು ಹೇಳಲೇಬೇಕು. ಆ ವರ್ಷ ಬಂದ ‘ಗ್ರೇಟೆಸ್ಟ್ ಹಿಟ್ಸ್’ಗೆ ಹಾಡು ಆರಿಸಿದ್ದು ಅಭಿಮಾನಿಗಳು, ವೋಟು ಹಾಕಿ. ಅದೇ ವರ್ಷದ ‘ಫ್ಯಾಮಿಲಿ ಟ್ರೀ’ ಬಾಕ್ಸ್ ಸೆಟ್‌ನಲ್ಲಿ ಬ್ಯೋರ್ಕ್ ತಾನೇ ಆರಿಸಿದ 12 ಹಾಡುಗಳ ಡಿಸ್ಕ್ ಇದೆ. ಎರಡೂ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ನೋಡಿದೆವು. ‘ಹೈಪರ್‌ಬ್ಯಾಲಡ್’, ‘ಯೋಗಾ’, ‘ಬ್ಯಾಚಲರೆಟ್’, ‘ಪೇಗನ್ ಪೊಯೆಟ್ರಿ’ ಎರಡರಲ್ಲೂ ಇವೆ. ಅಭಿಮಾನಿಗಳು ಎತ್ತಿಕೊಂಡ ‘ಆರ್ಮಿ ಆಫ್ ಮಿ’, ‘ಬಿಗ್ ಟೈಮ್ ಸೆನ್ಶುಆಲಿಟಿ’ ಆಕೆಯ ಪಟ್ಟಿಯಲ್ಲಿ ಇಲ್ಲ. ಬದಲಿಗೆ ಆಕೆ ‘ಅನ್‌ರಾವೆಲ್’, ‘ಇಟ್ಸ್ ನಾಟ್ ಅಪ್ ಟು ಯೂ’ ಹಾಕಿದ್ದಾಳೆ. ಸಿಂಗಲ್ ಆಗಿ, ಅಂದರೆ ಬಿಡಿಯಾಗಿ, ಬರದ ಮೆಲ್ಲಗಿನ ಹಾಡುಗಳು. ‘ಇಟ್ಸ್ ಓ ಸೋ ಕ್ವಯಟ್’ ಇಬ್ಬರ ಪಟ್ಟಿಯಲ್ಲೂ ಇಲ್ಲ. ಈ ಎರಡು ಪಟ್ಟಿ ನೋಡಿದ ಮೇಲೆ ನಮ್ಮ ಗುಂಪಿನಲ್ಲಿ ‘ಸರಿಯಾದ ಪಟ್ಟಿ’ ಅನ್ನುವ ಮಾತೇ ನಿಂತುಹೋಯಿತು. ಯಾರು ಯಾಕೆ ಆರಿಸಿದರು ಅನ್ನುವುದರ ಮೇಲೆ ಮಾತು ಹೊರಳಿತು.

ಫಲಿತಾಂಶವನ್ನು ಕೆಳಗಿನಿಂದ ಮೇಲಕ್ಕೆ ಓದಿ ಹೇಳಿದೆ. ಒಂದೇ ಸಲಕ್ಕೆ ಪೂರ್ತಿ ಹೇಳಬೇಡಿ. ಕೆಲವು ಹಾಡು ಹೇಳಿ, ಹಾಕಿ ಕೇಳಿಸಿ, ಬರೆದ ಕಾರಣಗಳನ್ನು ಓದಿ. ಯಾರದ್ದು ಅಂತ ಹೇಳುವ ಮುಂಚೆ ಊಹಿಸಲು ಬಿಡಿ. ‘ಫೊಸೋರಾ’ದ ‘ಆನ್ಸೆಸ್ಟ್ರೆಸ್’ ಮೊದಲ ಹತ್ತರೊಳಗೆ ಬಂದದ್ದು ನನಗೆ ದೊಡ್ಡ ಖುಷಿ. ತೀರಿಕೊಂಡ ತಾಯಿಗಾಗಿ ಬರೆದ ಹಾಡು ಅದು, ಮಗನೂ ಜೊತೆ ಹಾಡಿದ್ದಾನೆ. ತೊಂಬತ್ತರ ದಶಕದ ನೆನಪುಗಳ ನಡುವೆ ಅಷ್ಟು ಹೊಸ ಹಾಡೊಂದು ಜಾಗ ಮಾಡಿಕೊಂಡಿತಲ್ಲ.

ಮೊದಲ ಸ್ಥಾನ ‘ಹೈಪರ್‌ಬ್ಯಾಲಡ್’ಗೆ. ಬೆಟ್ಟದ ಮೇಲೆ ಇರುವವಳು ಬೆಳಗ್ಗೆ ಸಂಗಾತಿ ಏಳುವ ಮುಂಚೆ ಅಂಚಿಗೆ ಹೋಗಿ ಕೈಗೆ ಸಿಕ್ಕ ಸಾಮಾನು ಕೆಳಗೆ ಎಸೆಯುತ್ತಾಳೆ, ವಾಪಸ್ ಬಂದು ಅವನ ಜೊತೆ ನೆಮ್ಮದಿಯಾಗಿ ಇರುವುದಕ್ಕೆ. ದೊಡ್ಡ ಹಾಡು, ತಕರಾರಿಲ್ಲ. ಆದರೆ ನನ್ನ 11 ‘ಅನ್‌ರಾವೆಲ್’ಗೆ. ಪ್ರಿಯ ದೂರ ಹೋದಾಗ ಹೃದಯ ನೂಲಿನ ಹಾಗೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಆ ನೂಲನ್ನು ಸೈತಾನ ಎತ್ತಿಕೊಂಡು ಹೋಗುತ್ತಾನೆ, ವಾಪಸ್ ಕೊಡಲ್ಲ. ಅವನು ಬಂದ ಮೇಲೆ ಹೊಸದಾಗಿ ಪ್ರೀತಿ ಮಾಡಿಕೊಳ್ಳಬೇಕು. ಇಷ್ಟನ್ನು ಮೂರೂವರೆ ನಿಮಿಷದೊಳಗೆ, ಆರ್ಗನ್ ಮತ್ತು ತಂತಿವಾದ್ಯಗಳ ಮೇಲೆ, ಎಲ್ಲೂ ಅವಸರ ಇಲ್ಲದೆ ಹಾಡುತ್ತಾಳೆ. ‘ಹೈಪರ್‌ಬ್ಯಾಲಡ್’ನಲ್ಲಿ ಬೀಟ್ ಏರುತ್ತಾ ಹೋಗಿ ನಮ್ಮನ್ನು ಎತ್ತಿಕೊಳ್ಳುತ್ತದೆ. ಇಲ್ಲಿ ಆ ಸಹಾಯ ಇಲ್ಲ, ಕಂಠವೊಂದೇ ಎಲ್ಲ ಹೊರಬೇಕು, ಹೊರುತ್ತದೆ. ಗುಂಪಿನಲ್ಲಿ ಇದಕ್ಕೆ 11 ಕೊಟ್ಟವನು ನಾನೊಬ್ಬನೇ. ಮುಂದಿನ ಸಲ ಬಿ-ಸೈಡ್‌ಗಳನ್ನು, ಅಂದರೆ ಸಿಂಗಲ್‌ಗಳ ಜೊತೆಗೆ ಬಂದ ಹೆಚ್ಚುವರಿ ಹಾಡುಗಳನ್ನು, ಎತ್ತಿಕೊಳ್ಳುತ್ತಿದ್ದೇವೆ, ನಿಯಮ ಇವೇ. ಅದು ಮುಗಿದ ಮೇಲೆ ಈ ಎರಡು ಹಾಡುಗಳ ವಾದವನ್ನು ನಾನು ಮತ್ತೆ ಎತ್ತುತ್ತೇನೆ ಅಂತ ಎಲ್ಲರಿಗೂ ಈಗಲೇ ಹೇಳಿಟ್ಟಿದ್ದೇನೆ.