ಶಾಲೆ ಬಿಟ್ಟ ಮೇಲಿನ ಎರಡು ತಾಸು: ಮೊದಲು ಆಟ, ಆಮೇಲೆ ಉಸುಳಿ

ವಿಜಯಪುರದ ಯಾವುದೇ ಓಣಿಯಲ್ಲಿ ಸಂಜೆ ಐದರ ಹೊತ್ತಿಗೆ ಒಂದು ಸುತ್ತು ಹಾಕಿ. ಮಕ್ಕಳು ಶಾಲೆಯಿಂದ ಬಂದು ಚೀಲ ಒಗೆಯುತ್ತಾರೆ. ಒಂದು ಕಪ್ ಚಹಾ, ಎರಡು ಟೋಸ್ಟ್, ಆಮೇಲೆ ಟ್ಯೂಷನ್. ದಾರಿಯಲ್ಲಿ ಐದು ರೂಪಾಯಿಯ ಒಂದು ಪಾಕೀಟು. ಟ್ಯೂಷನ್ ಇಲ್ಲದವರ ಕೈಯಲ್ಲಿ ಮೊಬೈಲ್. ಓಡಾಡಲಿಕ್ಕೆ ದಿನದಲ್ಲಿ ಸಿಗುವ ಒಂದೇ ಹೊತ್ತು ಹೀಗೆ ಹೋಗಿಬಿಡುತ್ತದೆ.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಂತೆ ಓಡಾಡಬೇಕು, ವಾರದಲ್ಲಿ ಕನಿಷ್ಠ 3 ದಿನ ಎಲುಬು, ಸ್ನಾಯು ಗಟ್ಟಿಯಾಗುವ ಕಸರತ್ತು ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಶಾಲೆಯ ಪಿ.ಟಿ. ಪೀರಿಯಡ್ ಒಂದರಿಂದಲೇ ಇದು ಆಗುವುದಿಲ್ಲ. ಅದಕ್ಕೇ ಮಕ್ಕಳನ್ನು ಒಂದೆಡೆ ಸೇರಿಸಿ ಆಡಿಸುವ, ಆಮೇಲೆ ತಿನಿಸು ಕೊಡುವ ಸಂಜೆಯ ಗುಂಪು ಬೇಕು. ಟ್ಯೂಷನ್ ಹೇಳುವವರು, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ (ಗ್ರಂಥಾಲಯ) ನೋಡಿಕೊಳ್ಳುವವರು, ಯುವಕ ಮಂಡಳದವರು, ಮಹಿಳಾ ಸಂಘದವರು ಯಾರು ಬೇಕಾದರೂ ಇದನ್ನು ನಡೆಸಬಹುದು. ಆದರೆ ಭಾಷಣದಿಂದ ಶುರು ಮಾಡಬೇಡಿ. ತರಕಾರಿ ಒಳ್ಳೆಯದು ಅಂತ ಮಕ್ಕಳು ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದಾರೆ. ಆಡಿ ಹಸಿದ ಮಗುವಿನ ಕೈಗೆ ಆ ಗಳಿಗೆಯಲ್ಲಿ ಏನು ಸಿಗುತ್ತದೆ, ಅದೇ ಮುಂದೆ ರೂಢಿಯಾಗುತ್ತದೆ.

1. ಜಾಗ, ಹೊತ್ತು, ಜನ

ಊರಿನ ಸರ್ಕಾರಿ ಶಾಲೆಯ ಮೈದಾನವೇ ಮೊದಲ ಆಯ್ಕೆ. ಮುಖ್ಯ ಶಿಕ್ಷಕರಿಗೆ ಮತ್ತು ಶಾಲೆಯ ಮೇಲ್ವಿಚಾರಣೆ ಸಮಿತಿಯಾದ ಎಸ್‌ಡಿಎಂಸಿಗೆ ಒಂದು ಪತ್ರ ಕೊಟ್ಟು ಒಪ್ಪಿಗೆ ಪಡೆಯಿರಿ. ಗೇಟಿನ ಕೀಲಿ ಯಾರ ಹತ್ತಿರ ಇರುತ್ತದೆ, ಕಸ ಯಾರು ತೆಗೆಯುತ್ತಾರೆ ಎಂಬುದನ್ನೂ ಅದರಲ್ಲೇ ಬರೆಯಿರಿ. ಮುಂದೆ ತಕರಾರು ಬರುವುದು ಇಂಥ ಸಣ್ಣ ವಿಷಯಕ್ಕೇ. ಬಾಗಲಕೋಟೆಯ ನವನಗರದಲ್ಲಾದರೆ ಸೆಕ್ಟರ್ ಒಳಗಿನ ಖಾಲಿ ಜಾಗ ನೋಡಬಹುದು. ಗಾಜು, ಮುಳ್ಳು, ಕಲ್ಲು ಆರಿಸಿ ತೆಗೆದ ಮೇಲೆಯೇ ಮಕ್ಕಳನ್ನು ಬಿಡಿ.

ರಸ್ತೆಯಲ್ಲಿ ಮಾತ್ರ ಬೇಡ. ಮುಧೋಳ, ಜಮಖಂಡಿ ಕಡೆ ಕಬ್ಬು ನುರಿಸುವ ಕಾಲಕ್ಕೆ ಜೋಡಿ ಟ್ರೇಲರ್ ಹಾಕಿಕೊಂಡ ಟ್ರ್ಯಾಕ್ಟರ್‌ಗಳು ಕತ್ತಲಾದ ಮೇಲೂ ಓಡುತ್ತಿರುತ್ತವೆ. ಮಕ್ಕಳು ಮನೆ ಸೇರುವ ದಾರಿಯನ್ನೂ ಯೋಚಿಸಿಯೇ ಹೊತ್ತು ಗೊತ್ತು ಮಾಡಬೇಕು. ಡಿಸೆಂಬರ್‌ನಲ್ಲಿ ಆರು ಗಂಟೆ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಆಗ ನಾಲ್ಕೂಮುಕ್ಕಾಲಿಗೆ ಶುರು ಮಾಡಿ. ಮಾರ್ಚ್ ಬಂತೆಂದರೆ ಐದೂವರೆಗೆ ಮುಂಚೆ ಬಿಸಿಲಿಗೆ ಇಳಿಸಬೇಡಿ.

ಮಳೆಗಾಲದಲ್ಲಿ ಎರಿಮಣ್ಣಿನ ಮೈದಾನ ಒಂದು ಮಳೆಗೇ ಕೈಕೊಡುತ್ತದೆ, ಕಾಲಿಟ್ಟರೆ ಮೇಲೇಳುವುದಿಲ್ಲ. ಅದಕ್ಕೆ ಗುಡಿಯ ಪೌಳಿ ಅಥವಾ ಸಮುದಾಯ ಭವನವನ್ನು ಮೊದಲೇ ಕೇಳಿಟ್ಟುಕೊಳ್ಳಿ. ಅಲ್ಲಿ ಲೇಜಿಮ್, ಕೋಲಾಟ, ಸೂರ್ಯನಮಸ್ಕಾರ ನಡೆಸಬಹುದು. ಲೇಜಿಮ್ ಸುಮ್ನೆ ಮೆರವಣಿಗೆಯ ಕುಣಿತ ಅಂದುಕೊಳ್ಳಬೇಡಿ. ಹದಿನೈದು ನಿಮಿಷ ಬಿಡದೆ ಆಡಿದರೆ ತೊಡೆ, ಭುಜ, ಉಸಿರು ಮೂರಕ್ಕೂ ಕೆಲಸ.

20 ಮಕ್ಕಳಿಗೆ ಒಬ್ಬರಾದರೂ ದೊಡ್ಡವರಿರಲಿ, ಅವರಲ್ಲಿ ಒಬ್ಬ ಹೆಣ್ಣುಮಗಳು ಇರಲೇಬೇಕು. ಮೊದಲ ದಿನವೇ ಪಾಲಕರಿಂದ ಒಂದು ಚೀಟಿ ಬರೆಸಿಕೊಳ್ಳಿ: ದಮ್ಮು, ಮೂರ್ಛೆ, ಹೃದಯದ ತೊಂದರೆ ಏನಾದರೂ ಇದೆಯೇ, ಶೇಂಗಾ ತಿಂದರೆ ಮೈಗೆ ಆಗುವುದಿಲ್ಲವೇ, ತುರ್ತಿಗೆ ಯಾರಿಗೆ ಫೋನ್ ಮಾಡಬೇಕು.

2. ಕೂರಿಸುವ ಆಟ ಬೇಡ

ಆಟ ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಆಟದಲ್ಲಿ ಎಷ್ಟು ಮಕ್ಕಳು ಓಡುತ್ತಾರೆ, ಎಷ್ಟು ಮಕ್ಕಳು ನೋಡುತ್ತಾ ನಿಲ್ಲುತ್ತಾರೆ? ಖೋ ಖೋದಲ್ಲಿ ಅಟ್ಟಿಸುವ ತಂಡದ 8 ಮಂದಿ ಕೂತಿರುತ್ತಾರೆ, ಒಬ್ಬ ಓಡುತ್ತಾನೆ. ಕಬಡ್ಡಿಯಲ್ಲಿ ಔಟ್ ಆದವರು ಹೊರಗೆ. ಪಂದ್ಯಕ್ಕೆ ಈ ನಿಯಮ ಸರಿ. ದಿನದ ಆಟಕ್ಕೆ ಸರಿಯಲ್ಲ. ಯಾಕೆಂದರೆ ಓಡಲಿಕ್ಕೆ ಕಷ್ಟಪಡುವ ಮಗುವೇ ಮೊದಲು ಔಟ್ ಆಗುತ್ತದೆ. ಯಾರಿಗೆ ಆಟ ಎಲ್ಲರಿಗಿಂತ ಜಾಸ್ತಿ ಬೇಕೋ ಅವರೇ ಕಟ್ಟೆಯ ಮೇಲೆ ಕೂರುವಂತಾಗುತ್ತದೆ. ಇದು ಅನ್ಯಾಯ ಅಲ್ವಾ?

ಆದ್ದರಿಂದ ನಿಯಮ ಬದಲಿಸಿ. ಔಟ್ ಆದವರು ಗೆರೆಯಾಚೆ ಹೋಗಿ 10 ಸಲ ಹಗ್ಗ ಹಾರಿ ಮತ್ತೆ ಆಟಕ್ಕೆ ಬರಲಿ. ಖೋ ಖೋಗೆ ನಾಲ್ಕೇ ಮಂದಿ ಕೂರುವ ಸಣ್ಣ ಅಂಕಣ ಹಾಕಿ, ಒಂದೇ ಹೊತ್ತಿಗೆ ಮೂರು ಕಡೆ ಆಡಿಸಿ. ಲಗೋರಿಯಲ್ಲಿ ತಂಡಕ್ಕೆ ಐದು ಮಂದಿ ಸಾಕು. ಕ್ರಿಕೆಟ್ ಬೇಡ ಎಂದರೆ ಹುಡುಗರು ನಾಳೆ ಬರುವುದಿಲ್ಲ. ಇರಲಿ ಬಿಡಿ, ಆದರೆ ಒಬ್ಬರಿಗೆ 6 ಚೆಂಡು ಮಾತ್ರ, ಬ್ಯಾಟಿಗೆ ತಾಗಿದರೆ ಓಡಲೇಬೇಕು, ಪ್ರತಿ ಓವರಿಗೆ ಫೀಲ್ಡರ್‌ಗಳು ಓಡುತ್ತಾ ಜಾಗ ಬದಲಿಸಬೇಕು.

ಮೊದಲ 5 ನಿಮಿಷ ಮೈ ಬಿಸಿ ಮಾಡಲು ಮೆಲ್ಲಗೆ ಓಟ, ಕುಂಟಾಟ. ಆಮೇಲೆ 40 ನಿಮಿಷ ಆಟ. ಕೊನೆಗೆ ವಾರದಲ್ಲಿ 3 ದಿನ ಹತ್ತು ನಿಮಿಷ ಬಸ್ಕಿ, ಸಾಮು, ಗಟ್ಟಿ ಕೊಂಬೆಗೆ ಜೋತು ಬೀಳುವುದು. ಗರಡಿಮನೆಗಳ ಸೀಮೆ ನಮ್ಮದು, ಸಾಮು ಹೊಡೆಯಲು ಕಲಿಸುವ ಹಿರಿಯರು ಊರಿಗೊಬ್ಬರು ಸಿಗುತ್ತಾರೆ. ಅವರನ್ನು ವಾರಕ್ಕೊಮ್ಮೆ ಕರೆಯಿರಿ, ಮಕ್ಕಳು ಕಣ್ಣು ಬಿಟ್ಟು ನೋಡುತ್ತಾರೆ.

ಆಟ ಸಾಕಷ್ಟು ಜೋರಾಗಿದೆಯೇ ಎಂದು ತಿಳಿಯಲು ಮಗುವನ್ನು ಮಾತಾಡಿಸಿ. ಮಾತಾಡಬಹುದು, ಹಾಡಲು ಆಗುವುದಿಲ್ಲ ಎಂದರೆ ಹದವಾಗಿದೆ. ಎರಡು ಮಾತು ಆಡುವಷ್ಟರಲ್ಲಿ ಉಸಿರು ಸಿಕ್ಕಿಕೊಂಡರೆ ಜೋರಾಗಿದೆ. ದಿನವೂ ಎರಡೂ ಸ್ವಲ್ಪ ಸ್ವಲ್ಪ ಇರಲಿ.

ಮೈದಾನದ ಸುತ್ತು ಓಡಿಸುವುದನ್ನು ಶಿಕ್ಷೆಯಾಗಿ ಕೊಡಲೇಬೇಡಿ. ಓಟವೆಂದರೆ ತಪ್ಪಿಗೆ ದಂಡ ಎಂದು ಒಮ್ಮೆ ತಲೆಗೆ ಹೋದರೆ ಆ ಮಗು ಜನ್ಮದಲ್ಲಿ ಖುಷಿಯಿಂದ ಓಡುವುದಿಲ್ಲ.

3. ಹುಡುಗಿಯರು ಬರಬೇಕೆಂದರೆ

ಏಳನೇ ಇಯತ್ತೆ ದಾಟಿದ ಹುಡುಗಿಯರು ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ. ಮನೆಗೆಲಸ, ತಮ್ಮನನ್ನು ನೋಡಿಕೊಳ್ಳುವುದು, ಮುಟ್ಟು, ಜನ ನೋಡುತ್ತಾರೆ ಎಂಬ ಮುಜುಗರ, ಕಾರಣಗಳು ಹಲವು. ಮನೆಗೆ ಹೋಗಿ ತಾಯಂದಿರ ಜೊತೆ ಮಾತಾಡಿ. ಎಷ್ಟು ಗಂಟೆಗೆ ಬಿಡುತ್ತೀರಿ, ಯಾರು ಕರೆತರುತ್ತಾರೆ ಎಂದು ಖಚಿತವಾಗಿ ಹೇಳಿ. ತಮ್ಮ, ತಂಗಿಯನ್ನು ಕರೆದುಕೊಂಡೇ ಬರಲಿ, ಸಣ್ಣವರಿಗೂ ಒಂದು ಮೂಲೆ ಮಾಡಿ. ಚೂಡಿದಾರದಲ್ಲೇ ಆಡಲಿ, ಶೂ ಇಲ್ಲದಿದ್ದರೂ ಪರವಾಗಿಲ್ಲ. ಶೌಚಾಲಯದ ಬೀಗ ತೆಗೆದಿರಬೇಕು, ಒಳಗೆ ನೀರು ಇರಬೇಕು. ಈ ಎರಡು ಇಲ್ಲದಿದ್ದರೆ ಉಳಿದ ಮಾತೆಲ್ಲ ವ್ಯರ್ಥ.

ಮೈದಾನದ ಅರ್ಧ ಭಾಗ ಹುಡುಗಿಯರದು ಎಂದು ಸುಣ್ಣದ ಗೆರೆ ಹಾಕಿ. ಇಲ್ಲದಿದ್ದರೆ ದೊಡ್ಡ ಹುಡುಗರ ಕ್ರಿಕೆಟ್ ಇಡೀ ಮೈದಾನ ನುಂಗುತ್ತದೆ. ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ಮಹಿಳಾ ಕ್ರಿಕೆಟ್ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್‌ಗೆ 5 ವಿಕೆಟ್ ಕಿತ್ತರು. ಬೆಳಗಾವಿ ಹತ್ತಿರದ ತುರಮುರಿಯ ಮಲಪ್ರಭಾ ಜಾಧವ 2018ರ ಏಷ್ಯನ್ ಗೇಮ್ಸ್‌ನಲ್ಲಿ ಕುರಾಶ್ ಕುಸ್ತಿಯಲ್ಲಿ ಕಂಚು ಗೆದ್ದರು. ತಂದೆ ತಾಯಿ ಹಿಂದೆ ಮುಂದೆ ನೋಡಿದರೆ ಈ ಹೆಸರುಗಳನ್ನು ಹೇಳಿ. ನಮ್ಮ ಪಕ್ಕದ ಊರಿನವರು ಎಂದಾಗ ಮಾತು ಬೇಗ ನಾಟುತ್ತದೆ.

4. ಆಟ ಮುಗಿದ ಕೂಡಲೇ ತಿನಿಸು

ಸಾಬೂನು ಹಚ್ಚಿ 20 ಸೆಕೆಂಡ್ ಕೈ ತೊಳೆದ ಮೇಲೆ ಸಾಲಾಗಿ ಕೂರಿಸಿ. ತಿನಿಸು ನಮ್ಮ ಮನೆಯದೇ ಆಗಿರಲಿ. ಪೇಟೆಯಿಂದ ಓಟ್ಸ್ ತರುವ ಅಗತ್ಯ ಇಲ್ಲ, ಜೋಳ, ಮಡಕಿ, ಹೆಸರು, ಕಡಲೆ, ಶೇಂಗಾ ಮನೆಯಲ್ಲೇ ಇರುತ್ತವೆ.

ಮಡಕಿಕಾಳಿನ ಉಸುಳಿಯನ್ನೇ ತೆಗೆದುಕೊಳ್ಳಿ. 30 ಮಕ್ಕಳಿಗೆ ತಲಾ 30 ಗ್ರಾಂ ಲೆಕ್ಕದಲ್ಲಿ 900 ಗ್ರಾಂ ಒಣ ಕಾಳು ಬೇಕು. ರಾತ್ರಿ ನೆನೆ ಹಾಕಿ, ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಬೇಸಿಗೆಯಲ್ಲಿ ಸಂಜೆಗೇ ಮೊಳಕೆ ಒಡೆಯುತ್ತದೆ, ಚಳಿಗಾಲದಲ್ಲಿ ಇನ್ನೊಂದು ರಾತ್ರಿ ಬೇಕು. ಹುಳಿ ವಾಸನೆ ಬಂದರೆ, ಕೈಗೆ ಲೋಳೆ ಹತ್ತಿದರೆ ಚೆಲ್ಲಿಬಿಡಿ. ಹಸಿ ಮೊಳಕೆಯನ್ನು ಗುಂಪಿಗೆ ಕೊಡಬೇಡಿ, ಬೇಯಿಸಿಯೇ ಕೊಡಿ. ಮೂರು ಚಮಚ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಕರಿಬೇವು, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆ. ಕಾಳು ಹಾಕಿ, ನೀರು ಚಿಮುಕಿಸಿ, ಮುಚ್ಚಿ ಬೇಯಿಸಿ. ಕಾಳು ಬೆರಳಲ್ಲಿ ಒತ್ತಿದರೆ ಒಡೆಯಬೇಕು, ಮುದ್ದೆ ಆಗಬಾರದು. ಇಳಿಸಿದ ಮೇಲೆ ಹಸಿ ಉಳ್ಳಾಗಡ್ಡಿ, ತುರಿದ ಗಜ್ಜರಿ, ಕೊತ್ತಂಬರಿ.

ಕೊನೆಗೆ ನಿಂಬೆಹಣ್ಣು ಹಿಂಡುವುದನ್ನು ಮರೆಯಬೇಡಿ. ಕಾಳಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತಲು ನಿಂಬೆಯ ಸಿ ಜೀವಸತ್ವ ನೆರವಾಗುತ್ತದೆ. ಆ ಸೀಮೆಯದೇ ವಿಶೇಷ ಎಂದು ಗುರುತಿಸುವ ಜಿಐ ಮಾನ್ಯತೆಯನ್ನು 2023ರಲ್ಲಿ ಪಡೆದ ಇಂಡಿ ನಿಂಬೆ ನಮ್ಮ ವಿಜಯಪುರ ಜಿಲ್ಲೆಯದೇ. ಚಹಾ ಇದಕ್ಕೆ ತದ್ವಿರುದ್ಧ, ಕಬ್ಬಿಣ ಹೀರಿಕೊಳ್ಳುವುದನ್ನು ತಡೆಯುತ್ತದೆ. ಆದ್ದರಿಂದ ತಿನಿಸಿನ ಜೊತೆ ಚಹಾ ಬೇಡ. ಬಾಯಾರಿಕೆಗೆ ನೀರು, ಇಲ್ಲವೇ ನೀರು ಮಜ್ಜಿಗೆ.

ಉಳಿದ ದಿನಗಳಿಗೆ ಹೆಸರುಕಾಳು, ಕಡಲೆ ಉಸುಳಿ, ಬಾಳೆಹಣ್ಣಿನ ಜೊತೆ ಒಂದು ಮುಷ್ಟಿ ಹುರಿದ ಶೇಂಗಾ, ಕಡಕ್ ರೊಟ್ಟಿ ಜೊತೆ ಮೊಸರು, ಶೇಂಗಾ ಹಿಂಡಿ, ಸವತಿಕಾಯಿ. ಬೇಯಿಸಿದ ತತ್ತಿ ಕೊಡುವುದಾದರೆ ಒಂದು ತತ್ತಿಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ. ಸೋಮವಾರ, ಶನಿವಾರ ಎಷ್ಟೋ ಮನೆಗಳಲ್ಲಿ ತತ್ತಿ ಮುಟ್ಟುವುದಿಲ್ಲ, ಬುಧವಾರ ಇಟ್ಟುಕೊಳ್ಳಿ. ತಿನ್ನದ ಮಕ್ಕಳಿಗೆ ಅದೇ ಸಾಲಿನಲ್ಲಿ, ಅದೇ ಹೊತ್ತಿಗೆ ಬೇರೆ ತಿನಿಸು ಕೊಡಿ.

ಖರ್ಚಿಗೆ ಪಾಳಿ ಹಚ್ಚಿ. ಒಂದು ವಾರ ಈ ಮನೆಯಿಂದ ಕಾಳು, ಆ ಮನೆಯಿಂದ ಉಳ್ಳಾಗಡ್ಡಿ, ನಿಂಬೆ. ಸುಗ್ಗಿಯಲ್ಲಿ ಕೇಳಿದರೆ ರೈತರು ಒಂದು ಸೇರು ಕಾಳಿಗೆ ಇಲ್ಲ ಎನ್ನುವುದಿಲ್ಲ. ಕೊಡಲಾಗದ ಮನೆಯ ಮಗುವಿನ ಹೆಸರು ಮಾತ್ರ ಯಾವ ಪಟ್ಟಿಯಲ್ಲೂ ಬರಬಾರದು.

5. ಸಕ್ಕರೆಯನ್ನು ಕಣ್ಣಿಗೆ ಕಾಣುವಂತೆ ಮಾಡಿ

ಮಾತಿಗಿಂತ ಜಾಸ್ತಿ ಕೆಲಸ ಮಾಡುವ ಆಟ ಇದು. ಕೂಲ್‌ಡ್ರಿಂಕ್ ಖಾಲಿ ಬಾಟಲಿ, ಒಂದು ಚಮಚ, ಸಕ್ಕರೆ, ಕಾಗದ ತನ್ನಿ. ಬಾಟಲಿ ಮೇಲಿನ ಸಣ್ಣ ಅಕ್ಷರ ಮಕ್ಕಳೇ ಓದಲಿ. 100 ಮಿ.ಲೀ.ಗೆ 10 ಗ್ರಾಂ ಸಕ್ಕರೆ ಎಂದಿದ್ದರೆ 250 ಮಿ.ಲೀ. ಬಾಟಲಿಯಲ್ಲಿ 25 ಗ್ರಾಂ. ಒಂದು ಸಣ್ಣ ಚಮಚಕ್ಕೆ 4 ಗ್ರಾಂ ಲೆಕ್ಕ ಹಿಡಿದರೆ ಆರು ಚಮಚ ದಾಟುತ್ತದೆ. ಅಷ್ಟನ್ನೂ ಕಾಗದದ ಮೇಲೆ ಸುರಿಸಿ. ಬೆರೆಸಿದ ಸಕ್ಕರೆ ದಿನದ ಶಕ್ತಿಯ ಶೇ 10ಕ್ಕಿಂತ ಕಡಿಮೆ ಇರಬೇಕು, ಶೇ 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2000 ಕ್ಯಾಲೊರಿ ತಿನ್ನುವವರಿಗೆ ಆ ಶೇ 5 ಎಂದರೆ 25 ಗ್ರಾಂ. ಒಂದೇ ಬಾಟಲಿಗೆ ದಿನದ ಪಾಲು ಮುಗಿಯಿತು. ಲೆಕ್ಕವನ್ನು ಮಕ್ಕಳೇ ಮಾಡಿದರೆ ಮನೆಗೆ ಹೋಗಿ ಅಪ್ಪನಿಗೂ ಹೇಳುತ್ತಾರೆ.

ಬೆಲ್ಲವೂ ಈ ಲೆಕ್ಕದಲ್ಲಿ ಸಕ್ಕರೆಯೇ. ಕಬ್ಬು ಬೆಳೆಯುವ ನಮಗೆ ಇದನ್ನು ಒಪ್ಪುವುದು ಕಷ್ಟ, ಆದರೂ ಹೇಳಲೇಬೇಕು. ಶೇಂಗಾ ಉಂಡಿ ವಾರಕ್ಕೊಮ್ಮೆ, ಸಣ್ಣದು ಒಂದು. ಗೆದ್ದವರಿಗೆ ಚಾಕೊಲೇಟ್ ಕೊಡುವ ಬದಲು ನಾಳಿನ ಆಟ ಆರಿಸುವ ಹಕ್ಕು ಕೊಡಿ.

ಗೇಟಿನ ಎದುರಿನ ಅಂಗಡಿಯವರ ಜೊತೆ ಜಗಳ ಬೇಡ, ಅದು ಅವರ ಹೊಟ್ಟೆಪಾಡು. ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿನಿಸನ್ನು ಶಾಲೆಯ ಆವರಣದಲ್ಲಿ ಮತ್ತು ಅದರ ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದು ಎಂಬ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಇದೆ ಎಂದು ತಿಳಿಸಿ. ಪುಟಾಣಿ, ಬಾಳೆಹಣ್ಣು, ಪೇರಲ ಮುಂದೆ ಇಡಲು ಕೇಳಿ.

6. ತೂಗಬೇಡಿ, ಗಮನಿಸಿ

ಎಲ್ಲರೆದುರು ತೂಕ ನೋಡುವುದು, ಡುಮ್ಮ, ಕಡ್ಡಿ ಎಂದು ಕರೆಯುವುದು ಗುಂಪಿನಲ್ಲಿ ಪೂರ್ತಿ ನಿಷೇಧ. ಪ್ರಗತಿ ಗೊತ್ತಾಗಲು ತಿಂಗಳಿಗೊಮ್ಮೆ ನಿಲ್ಲದೆ ಎಷ್ಟು ಸುತ್ತು ಓಡಿದರು, ಎಷ್ಟು ಹಗ್ಗ ಹಾರಿದರು ಎಂದು ಅವರವರ ವಹಿಯಲ್ಲೇ ಬರೆದುಕೊಳ್ಳಲಿ. ಹೋಲಿಕೆ ಇನ್ನೊಬ್ಬರ ಜೊತೆ ಬೇಡ, ತನ್ನ ಹಿಂದಿನ ತಿಂಗಳ ಜೊತೆ ಸಾಕು.

ಬೇಗ ಸುಸ್ತಾಗುವ, ಮುಖ ಬಿಳಿಚಿದ, ಸ್ವಲ್ಪ ಓಡಿದರೂ ಏದುಸಿರು ಬಿಡುವ ಮಗುವಿಗೆ ಸೋಮಾರಿ ಎನ್ನಬೇಡಿ. ರಕ್ತಹೀನತೆ ಇರಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ನೋಡಿಸಲು ಪಾಲಕರಿಗೆ ಹೇಳಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ನುಂಗುತ್ತಿದೆಯೇ, ಕಿಸೆಯಲ್ಲಿಟ್ಟು ಎಸೆಯುತ್ತಿದೆಯೇ ಎಂದೂ ವಿಚಾರಿಸಿ.

ಪರೀಕ್ಷೆ ಬಂತೆಂದು ಫೆಬ್ರುವರಿಯಲ್ಲಿ ಆಟ ನಿಲ್ಲಿಸುವ ಒತ್ತಡ ಬರುತ್ತದೆ. ನಿಲ್ಲಿಸಬೇಡಿ, ಅರ್ಧ ತಾಸಿಗೆ ಇಳಿಸಿ. ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಗುಂಪನ್ನು ಬೆಳಿಗ್ಗೆ ಆರೂವರೆಗೆ ಬದಲಿಸಿ, ಎಂಟರೊಳಗೆ ಮುಗಿಸಿ. ಪ್ರತಿ 15 ನಿಮಿಷಕ್ಕೊಮ್ಮೆ ಶುದ್ಧ ನೀರಿನ ಘಟಕದಿಂದ ತಂದ ನೀರು ಕುಡಿಸಿ. ಬಿಸಿಲಿಗೆ ತಲೆ ಸುತ್ತಿದ ಮಗುವನ್ನು ನೆರಳಿಗೆ ಕರೆದೊಯ್ದು, ಮೈಗೆ ಒದ್ದೆ ಬಟ್ಟೆ ಹಾಕಿ, ಓಆರ್‌ಎಸ್ ಕೊಡಿ. ಪಾಕೀಟು ಇಲ್ಲದಿದ್ದರೆ 1 ಲೀಟರ್ ಶುದ್ಧ ನೀರಿಗೆ ಮಟ್ಟಸ 6 ಸಣ್ಣ ಚಮಚ ಸಕ್ಕರೆ, ಅದೇ ಚಮಚದಲ್ಲಿ ಮಟ್ಟಸ ಅರ್ಧ ಚಮಚ ಉಪ್ಪು. ಎಚ್ಚರ ತಪ್ಪಿದರೆ ಅಥವಾ ತೊದಲಿದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ.