ಪತ್ರ ಹರೀತ್ರಿ ಸರ

ಹತ್ತನೇ ತರಗತಿಯ ಜೀವಕ್ರಿಯೆಗಳ ಪಾಠ. ‘ಪತ್ರಹರಿತ್ತು ಅಂದ್ರೇನೋ?’ ಅಂತ ಹಿಂದಿನ ಬೆಂಚಿನವನನ್ನು ಎಬ್ಬಿಸಿ ಕೇಳಿದೆ. ತುಸು ಯೋಚಿಸಿ, ‘ಪತ್ರ ಹರೀತ್ರಿ ಸರ’ ಅಂದ. ತರಗತಿ ನಕ್ಕಿತು, ನಾನೂ ನಕ್ಕೆ. ರಾತ್ರಿ ಮಾತ್ರ ನಗು ಬರಲಿಲ್ಲ. ಹುಡುಗ ಪದವನ್ನು ಒಡೆದು ನೋಡಿದ್ದ. ನಾನು ಅಷ್ಟು ವರ್ಷ ಅದನ್ನೂ ಮಾಡಿಸಿರಲಿಲ್ಲ, ಬರೀ ಬಾಯಿಪಾಠ.

ಮರುದಿನ ಅವನನ್ನೇ ಕೇಳಿದೆ: ‘ಶ್ರಾವಣ ಸೋಮವಾರ ಶಿವಗ ಏನ್ ಏರಸ್ತೀರಿ?’ ‘ಪತ್ರಿ.’ ‘ಪತ್ರಿ ಅಂದ್ರ?’ ‘ಎಲಿರಿ.’ ಅರ್ಧ ಪದ ಬಿಡಿಸಿದಂತಾಯಿತು. ಉಳಿದ ‘ಹರಿತ್’ ಸಮಾಜ ವಿಜ್ಞಾನದ ನಿತ್ಯಹರಿದ್ವರ್ಣ ಕಾಡಿನಲ್ಲಿ ಸಿಕ್ಕಿತು. ಎಲೆಯ ಹಸಿರು, ಮುಗಿಯಿತು. ಪಿಯುಸಿಗೆ ಹೋದಮೇಲೆ ಇಂಗ್ಲಿಷಿನಲ್ಲಿ ಓದಬೇಕಲ್ಲ, ಅದಕ್ಕೆ ಕ್ಲೋರೋಫಿಲ್ ಅಂತಲೂ ಬರೆದೆ. ಗ್ರೀಕಿನಲ್ಲಿ ಕ್ಲೋರೋಸ್ ಅಂದರೆ ಎಳೆ ಹಸಿರು, ಫಿಲೋನ್ ಅಂದರೆ ಎಲೆ. ಕ್ಲೋರಿನ್ ಅನಿಲಕ್ಕೂ ಆ ಹೆಸರು ಬಂದದ್ದು ಅದರ ಹಳದಿ ಮಿಶ್ರಿತ ಹಸಿರು ಬಣ್ಣದಿಂದ.

ಅಂದಿನಿಂದ ದಿನಕ್ಕೆ ಒಂದೇ ಪದ, ಐದು ನಿಮಿಷ. ಅರ್ಥ ನಾನು ಹೇಳುವುದಿಲ್ಲ. ಆ ಪದದ ನಂಟರು ಮನೆಯಲ್ಲಿ, ಹೊಲದಲ್ಲಿ, ಬೇರೆ ಪಾಠದಲ್ಲಿ ಯಾರಿದ್ದಾರೆ ಅಂತ ಹುಡುಕಿಸುತ್ತೇನೆ. ದ್ಯುತಿಸಂಶ್ಲೇಷಣೆಯ ‘ಶ್ಲೇಷ’ ಕನ್ನಡ ಪಾಠದ ಶ್ಲೇಷಾಲಂಕಾರದಲ್ಲಿ ಇರಬಹುದು ಅಂತ ಕಾದಿದ್ದೆ. ಒಕ್ಕಲುತನದ ಮನೆಯ ಹುಡುಗಿಯೊಬ್ಬಳು ‘ಆಶ್ಲೇಷ ಮಳಿರಿ’ ಅಂದಳು. ನನಗೇ ಹೊಳೆದಿರಲಿಲ್ಲ. ಶ್ಲಿಷ್ ಅಂದರೆ ಅಂಟು, ಅಪ್ಪು. ಒಂದೇ ಪದಕ್ಕೆ ಎರಡು ಅರ್ಥ ಅಂಟಿದರೆ ಶ್ಲೇಷ, ಬೆಳಕಿನ ಬಲದಿಂದ ನೀರು, ಇಂಗಾಲದ ಡೈಆಕ್ಸೈಡ್ ಕೂಡಿಸಿ ಸಕ್ಕರೆ ಕಟ್ಟಿದರೆ ದ್ಯುತಿಸಂಶ್ಲೇಷಣೆ, ಬಿಡಿಸಿಟ್ಟರೆ ವಿಶ್ಲೇಷಣೆ.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಅಪಧಮನಿ, ಅಭಿಧಮನಿ. ಅಪಧಮನಿಯಲ್ಲಿ ಕೆಟ್ಟ ರಕ್ತ ಅಂತ ಪ್ರತಿವರ್ಷ ನಾಲ್ಕಾರು ಮಂದಿ ಬರೆಯುತ್ತಿದ್ದರು. ಯಾಕೆ ಅಂತ ಕೇಳಿದಾಗಲೇ ತಿಳಿದದ್ದು: ಅಪಮಾನ, ಅಪಶಕುನ ಕೆಟ್ಟವು, ಹಾಗಾಗಿ ಅಪಧಮನಿಯೂ ಕೆಟ್ಟದ್ದು! ತರ್ಕ ತಪ್ಪೆನ್ನಲು ಬಾಯಿ ಬರಲಿಲ್ಲ. ‘ಅಪಹರಣ’ ಬರೆದು, ‘ಅಪಹರಿಸಿದವರು ಏನ್ ಮಾಡ್ತಾರ?’ ಅಂದೆ. ‘ಎತ್ಕೊಂಡ್ ದೂರ ಹೋಗ್ತಾರ್ರಿ.’ ಹೃದಯದಿಂದ ದೂರ ಒಯ್ಯುವುದು ಅಪಧಮನಿ; ಅಭಿಮುಖವಾಗಿ, ಹೃದಯದ ಕಡೆ ತರುವುದು ಅಭಿಧಮನಿ. ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಆಕ್ಸಿಜನ್ ಕಡಿಮೆಯ ರಕ್ತ ಯಾಕೆ ಅನ್ನುವ ಗೊಂದಲವೂ ತಾನಾಗಿ ಕರಗಿತು. ಹೆಸರು ದಿಕ್ಕಿನದು, ರಕ್ತದ್ದಲ್ಲ.

ನಾನೂ ಮುಗ್ಗರಿಸಿದ್ದೇನೆ. ಆಕರ್ಷಣೆ, ವಿಕರ್ಷಣೆಯಲ್ಲಿರುವುದು ಎಳೆಯುವ ಕೃಷ್ ಧಾತು, ನೇಗಿಲು ಎಳೆಯುವ ಕೃಷಿಯೂ ಅದರದೇ ಅಂತ ಹುರುಪಿನಲ್ಲಿ ಹೇಳುತ್ತಿದ್ದಾಗ ಯಾರೋ ‘ಘರ್ಷಣೆನೂ ಸರ?’ ಅಂದರು. ಹೌದು ಅಂದುಬಿಟ್ಟೆ. ಮನೆಗೆ ಬಂದು ನಿಘಂಟು ತೆರೆದರೆ ಅದು ಘೃಷ್, ಉಜ್ಜುವುದು, ಬೇರೆಯದೇ ಮನೆತನ. ಮರುದಿನ ಬೋರ್ಡಿನ ಮೇಲೆ ತಿದ್ದಿದೆ. ಈಗ ನಿಘಂಟು ಮೇಜಿನ ಮೇಲೇ ಇರುತ್ತದೆ.

ಆಮ್ಲಜನಕದ ದಿನ ಅದೇ ಹಿಂದಿನ ಬೆಂಚಿನವನು ಎದ್ದ. ಆಮ್ಲವನ್ನು ಹುಟ್ಟಿಸುವುದು ಆಮ್ಲಜನಕ ಅಂತ ಒಡೆದಾಗಿತ್ತು. ‘ಮತ್ತ ಹೈಡ್ರೋಕ್ಲೋರಿಕ್ ಆಮ್ಲದಾಗ ಎಲ್ಲೈತ್ರಿ ಸರ ಆಮ್ಲಜನಕ? ಎಚ್‌ಸಿಎಲ್‌ನ್ಯಾಗ ಇಲ್ಲೇ ಇಲ್ಲ.’ ಎಲ್ಲ ಆಮ್ಲಗಳಲ್ಲೂ ಅದು ಇದ್ದೇ ಇರುತ್ತದೆ ಎಂದು ನಂಬಿ ಫ್ರೆಂಚ್ ವಿಜ್ಞಾನಿ ಲವಾಸಿಯೆ ಆಕ್ಸಿಜನ್ ಅಂತ ಹೆಸರಿಟ್ಟ, ನಂಬಿಕೆ ಸುಳ್ಳಾದರೂ ಹೆಸರು ಉಳಿಯಿತು, ಕನ್ನಡಕ್ಕೂ ಹಾಗೇ ಬಂತು ಅಂದೆ. ಅವನು ಕೂತು ನೋಟ್‌ಬುಕ್ಕಿನಲ್ಲಿ ಆ ಪದದ ಪಕ್ಕ ಬರೆದುಕೊಂಡ: ‘ಹೆಸರಿಟ್ಟವರ ತಪ್ಪು, ನನ್ನದಲ್ಲ.’